ನರಸಣ್ಣನ ಗುಂಡಿ

ಆದೋನಿಯ ಹತ್ತಿ ಮಿಲ್ಲಿನಲ್ಲಿ ನರಸಣ್ಣನಿಗೆ ಎರಡು ಕೆಲಸ. ಹಮಾಲರ ಮೇಸ್ತ್ರಿಯಾಗಿ ಹತ್ತಿಯ ಅಂಡಿಗೆಗಳನ್ನು ಹೊರುವುದು, ಹೊರಿಸುವುದು ಒಂದು. ಊಟದ ಬಿಡುವಿನಲ್ಲಿ ಬೇವಿನ ಮರದ ಕೆಳಗೆ ಕೂತು ಮಿಲ್ಲಿನವರನ್ನೆಲ್ಲ ಅಣಕಿಸುವುದು ಇನ್ನೊಂದು. ಮೊದಲನೆಯದಕ್ಕೆ ಪಗಾರ ಬರುತ್ತಿತ್ತು, ಎರಡನೆಯದಕ್ಕೆ ಹೆಸರು ಬರುತ್ತಿತ್ತು. ಮ್ಯಾನೇಜರ್ ರೇವಣಸಿದ್ದಯ್ಯ ಮೂಗಿನಿಂದ ಮಾತಾಡುವುದು, ಹತ್ತಿ ಒತ್ತುವ ಪ್ರೆಸ್ಸಿನ ಇಂಜಿನ್ನು ಬೆಳಗಿನ ಹೊತ್ತು ಕೆಮ್ಮಿ ಕೆಮ್ಮಿ ಶುರುವಾಗುವುದು, ಎರಡನ್ನೂ ಅವನು ಒಂದೇ ಉಸಿರಿನಲ್ಲಿ ಮಾಡಿ ತೋರಿಸುತ್ತಿದ್ದ. ಕಣ್ಣು ಮುಚ್ಚಿ ಕೇಳಿದರೆ ಮ್ಯಾನೇಜರು ಯಾರು, ಇಂಜಿನ್ನು ಯಾವುದು ಎಂದು ತಿಳಿಯುತ್ತಿರಲಿಲ್ಲ.

ಕಣ್ಣು ಮುಚ್ಚದೆಯೂ ಹಾಗೆಯೇ ಕೇಳಬೇಕಾದ ಸ್ಥಿತಿ ಅವನ ಹೆಂಡತಿ ಉರುಕುಂದಮ್ಮನಿಗೆ ಬಂದಿತ್ತು. ಎರಡು ಕಣ್ಣಿಗೂ ಪೊರೆ ಬಂದು, ಒಲೆಯ ಮುಂದೆ ಕೂತರೆ ರೊಟ್ಟಿ ಯಾವುದು ಹಂಚು ಯಾವುದು ಎಂಬುದು ಬೆರಳಿಗೆ ಬಿಸಿ ತಾಗಿದ ಮೇಲೇ ಗೊತ್ತಾಗುತ್ತಿತ್ತು. ಬಳ್ಳಾರಿಯ ಕಣ್ಣಿನ ಡಾಕ್ಟರು ನೋಡಿ, ಪೊರೆ ಇನ್ನೂ ಹಣ್ಣಾಗಿಲ್ಲ, ಯುಗಾದಿ ಕಳೆದ ಮೇಲೆ ಕರೆದುಕೊಂಡು ಬಾ, ತೆಗೆಯೋಣ ಎಂದಿದ್ದರು. ಖರ್ಚಿನ ಚಿಂತೆ ಇರಲಿಲ್ಲ. ಮಿಲ್ಲಿನ ಧಣಿ ಮೇಸ್ತ್ರಿಗಳಿಗೆಲ್ಲ ದವಾಖಾನೆ ಕಾರ್ಡು ಮಾಡಿಸಿ ಕೊಟ್ಟಿದ್ದರು. ಆ ಕಾರ್ಡಿನ ಮೇಲೆ ಗಂಡ ಹೆಂಡತಿ ಇಬ್ಬರಿಗೂ ಆಪರೇಷನ್ನು, ಔಷಧಿ ಎಲ್ಲ ಮಿಲ್ಲಿನ ಲೆಕ್ಕದಲ್ಲಿ. ಪೊರೆ ತೆಗೆಸುವುದೂ ಅದೇ ಕಾರ್ಡು, ಮುಪ್ಪಿನಲ್ಲಿ ಪೊರೆಯುವುದೂ ಅದೇ ಕಾರ್ಡು ಎಂದು ನರಸಣ್ಣ ಅದನ್ನು ದೇವರ ಗೂಡಿನಲ್ಲಿ ಇಟ್ಟಿದ್ದ.

ಕಾರ್ಡಿಗೆ ಒಂದು ಕಟ್ಟಳೆ ಇತ್ತು. ಐವತ್ತೆಂಟು ತುಂಬಿದವರನ್ನು ಮಿಲ್ಲಿನ ಡಾಕ್ಟರು ಪರೀಕ್ಷೆ ಮಾಡಬೇಕು. ಫಿಟ್ ಎಂದರೆ ಇನ್ನೂ ಎರಡು ವರ್ಷ ಕೆಲಸ, ಅದರ ಜೊತೆಗೆ ಮುಂದೆ ಕೂತು ತಿನ್ನುವ ಕಾಲಕ್ಕೂ ಕಾರ್ಡು. ಅನ್‌ಫಿಟ್ ಎಂದರೆ ಆ ತಿಂಗಳಿಗೇ ಮನೆ, ಕಾರ್ಡು ವಾಪಸು. ನರಸಣ್ಣನಿಗೆ ಆ ವರ್ಷದ ಸಂಕ್ರಾಂತಿಗೆ ಐವತ್ತೆಂಟು ತುಂಬಿತು. ಅವನಿಗೆ ಅಳುಕೇನೂ ಇರಲಿಲ್ಲ. ಪ್ರತಿ ಶನಿವಾರ ಬೆಳಗಿನ ಜಾವ ರಣಮಂಡಲದ ಗುಡ್ಡ ಹತ್ತಿ ಆಂಜನೇಯನಿಗೆ ಕೈಮುಗಿದು, ಇಳಿದು, ಆಮೇಲೆ ಕೆಲಸಕ್ಕೆ ಹೋಗುವ ಆಳು ಅವನು.

ಡಾಕ್ಟರು ಹೊಸಬರು. ಹೆಸರು ಶ್ರೀರಾಮುಲು, ಊರು ಕೃಷ್ಣಾ ನದಿಯ ಆಚೆ, ತೆಲುಗು ಕರಾವಳಿ ಕಡೆ. ಆದೋನಿಯ ಹಮಾಲರಿಗೆಲ್ಲ ತೆಲುಗು ಬರುತ್ತಿತ್ತು, ಆದರೂ ಕನ್ನಡದವರನ್ನು ಕನ್ನಡದಲ್ಲೇ ಮಾತಾಡಿಸಬೇಕೆಂಬುದು ಅವರ ಹಟ. ಒಳ್ಳೆಯ ಹಟವೇ, ಗುರು ಸಿಕ್ಕಿದ್ದು ಮಾತ್ರ ದವಾಖಾನೆಯ ಆಯಾ ದಸ್ತಗಿರಮ್ಮ. ಆಕೆಯ ವ್ಯಾಕರಣ ಒಂದೇ ಸಾಲಿನದು.

"ಬಾಳ ಸುಲಭ ಐತಿ ಸಾಬ್. ಮಾತಿನ ಕೊನಿಗೆ ಬಾಯಿ ತೆರೀಬ್ಯಾಡ್ರಿ, ಹಲ್ಲು ಕಿಸೀರಿ. ಮನೆ ಅನಬ್ಯಾಡ್ರಿ, ಮನಿ. ತಲೆ ಅಲ್ಲ, ತಲಿ. ಎಲೆ ಅಲ್ಲ, ಎಲಿ. ಅಷ್ಟ ಆತಂದ್ರ ನಮ್ಮ ಕನ್ನಡ ಬಂದಂಗ."

ಡಾಕ್ಟರು ಜಾಣರು. ಸೂತ್ರ ಸಿಕ್ಕಿದ ಮೇಲೆ ಮಿಕ್ಕಿದ್ದನ್ನು ತಾವೇ ಕಟ್ಟಿಕೊಂಡರು. ತೆಲುಗಿನಲ್ಲಿ ಹೃದಯಕ್ಕೆ ಗುಂಡೆ ಎನ್ನುತ್ತಾರೆ. ಹಲ್ಲು ಕಿಸಿದರೆ ಕನ್ನಡವಾಯಿತು.

ಪರೀಕ್ಷೆಯ ದಿನ ನರಸಣ್ಣ ಇದ್ದುದರಲ್ಲಿ ಒಳ್ಳೆಯ ಅಂಗಿ ತೊಟ್ಟು ದವಾಖಾನೆಯ ಸ್ಟೂಲಿನ ಮೇಲೆ ಕೂತ. ದವಾಖಾನೆ ಇದ್ದದ್ದು ಇಂಜಿನ್ ಶೆಡ್ಡಿನ ಗೋಡೆಗೆ ಅಂಟಿಕೊಂಡು. ಡಾಕ್ಟರು ಸ್ಟೆತಾಸ್ಕೋಪು ಎಲ್ಲಿ ಇಟ್ಟರೂ ಇಂಜಿನ್ನಿನ ದಡದಡವೇ ಕೇಳುತ್ತಿತ್ತು. ಅವರು ಅದನ್ನು ಕುತ್ತಿಗೆಗೆ ಹಾಕಿಕೊಂಡು, ಬಾಯಿಂದಲೇ ವಿಚಾರಿಸೋಣ ಎಂದುಕೊಂಡು, ನರಸಣ್ಣನ ಎದೆಯ ಕಡೆ ಬೆರಳು ತೋರಿಸಿ ಕೇಳಿದರು.

"ನಿಮ್ಮ ಗುಂಡಿ ಹೆಂಗ ಐತಿ?"

ನರಸಣ್ಣ ಬಗ್ಗಿ ಅಂಗಿ ನೋಡಿಕೊಂಡ. ನಾಚಿಕೆಯಾಯಿತು. ಇಷ್ಟು ದೊಡ್ಡ ಡಾಕ್ಟರ ಕಣ್ಣು ಮೊದಲು ಬಿದ್ದದ್ದೇ ಅದರ ಮೇಲೆ.

"ಏನ್ ಹೇಳ್ಲಿ ಸಾರ್. ಬಾಳ ದಿನದಿಂದ ಸಡ್ಲ ಐತಿ. ಹೋದ ತಿಂಗಳ ಅಂಡಿಗಿ ಎತ್ತೂ ಮುಂದ ಪಟ್ ಅಂತು. ಹೋತು ಅಂತ ತಿಳಕೊಂಡಿದ್ದೆ. ಹೆಂಗೋ ನಿಂತೈತಿ."

ಡಾಕ್ಟರ ಹುಬ್ಬು ಮೇಲೆ ಹೋಯಿತು. "ಪಟ್ ಅಂತು? ಈಗ?"

"ಈಗೇನ್ರಿ, ಒಂದೆಳಿ ದಾರದ ಮ್ಯಾಲ ಜೋತಾಡಾಕ ಹತ್ತೈತಿ. ಇವತ್ತೋ ನಾಳೆಯೋ."

"ಉಸಿರಾಟ?"

"ಗುಂಡಿ ಹಾಕಿದ್ರ ಕುತ್ತಿಗಿ ಬಿಗದು ಉಸಿರು ಕಟ್ಟತೈತ್ರಿ. ಅದಕ ಬಿಟ್ಟಬಿಡತೀನಿ."

ಇಷ್ಟು ಕಷ್ಟವನ್ನು ಇಷ್ಟು ನಗುನಗುತ್ತ ಹೇಳುವ ರೋಗಿಯನ್ನು ಡಾಕ್ಟರು ಕಂಡಿರಲಿಲ್ಲ. "ಮನಿಯಾಗ ಏನೂ ಉಪಚಾರ ಇಲ್ಲವಾ?"

"ಮೊದಲ ಮನಿಯಾಕಿ ಹೊಲೀತಿದ್ದಳ್ರಿ. ಈಗ ಕಣ್ಣು ಮಂಜಾಗ್ಯಾವ. ಬಿಟ್ಟಾಳ."

ಡಾಕ್ಟರಿಗೆ ಕೇಳಿಸಿದ್ದು 'ಒಲಿಯುತ್ತಿದ್ದಳು' ಎಂದು. ಒಲಿ ಎಂದರೆ ಪ್ರೀತಿಸು ಎಂದು ಅವರು ಪುಸ್ತಕದಲ್ಲಿ ಓದಿದ್ದರು. ಪಾಪ, ಗುಂಡಿಗೆ ಕಾರಣವೂ ಸಿಕ್ಕಿತು. ಅವರು ನರಸಣ್ಣನ ಹೆಗಲು ತಟ್ಟಿ, ನಿಟ್ಟುಸಿರು ಬಿಟ್ಟು, ಎರಡು ಸಾಲು ಬರೆದು ಮ್ಯಾನೇಜರಿಗೆ ಕಳಿಸಿದರು.

ಸಾಯಂಕಾಲ ರೇವಣಸಿದ್ದಯ್ಯ ಕರೆಸಿದರು. ಮೂಗಿನ ದನಿ ಅವತ್ತು ಇನ್ನೂ ಮೂಗಿನೊಳಗೆ ಹೋಗಿತ್ತು.

"ಮೇಸ್ತ್ರಿ, ನಿನ್ನ ಹಾರ್ಟು ಕೆಟ್ಟೈತಂತ. ಅನ್‌ಫಿಟ್ ಅಂತ ಬಂದೈತಿ. ಈ ತಿಂಗಳ ಕಡೀಕ ಕಾರ್ಡು ತಂದು ಕೊಟ್ಟಬಿಡು."

"ಹಾರ್ಟು? ನನ್ನದ?"

"ನಾ ಏನು ಮಾಡ್ಲಪ. ಡಾಕ್ಟರು ಬರದದ್ದನ್ನ ಡಾಕ್ಟರೇ ತಿದ್ದಬೇಕು."

ತಿಂಗಳ ಕೊನೆಗೆ ಕಾರ್ಡು ಹೋಗುತ್ತದೆ. ಯುಗಾದಿ ಅದರ ಆಚೆಗೆ ಇತ್ತು. ನರಸಣ್ಣ ಮನೆಗೆ ಬಂದು ಕಟ್ಟೆಯ ಮೇಲೆ ಕೂತವನು ನೀರೂ ಕೇಳಲಿಲ್ಲ. ಉರುಕುಂದಮ್ಮ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದಳು. ಮಗಳು ಗಾದಿಲಿಂಗಮ್ಮ ಹುಟ್ಟಿದಾಗಿನಿಂದ ಆಕೆಗೆ ಗಂಡ ಎಂದರೆ ಲಿಂಗಿಯಪ್ಪ. ಮಗಳು ಮದುವೆಯಾಗಿ ಆಲೂರಿಗೆ ಹೋದರೂ ಹೆಸರು ಇಲ್ಲೇ ಉಳಿದಿತ್ತು.

"ಲಿಂಗಿಯಪ್ಪ, ಯಾಕ ಬಾಯಿ ಬಿದ್ದೈತಿ? ಮನಿಗೆ ಬಂದಾವ ಯಾರು ಅಂತ ನನಗ ಹೆಂಗ ತಿಳೀಬೇಕು?"

"ನಾ ಅನ್‌ಫಿಟ್ ಅಂತ."

"ಅನ್ನಕ್ಕ ಫಿಟ್ಟು ಅಲ್ಲೇನು? ಹೋಗಲಿ ಬಿಡು, ರೊಟ್ಟಿ ತಿನ್ನು."

"ನಗಬ್ಯಾಡ. ಎದಿ ಕೆಟ್ಟೈತಿ ಅಂತ ಬರದಾರ. ಕಾರ್ಡು ಹೋತು. ನಿನ್ನ ಕಣ್ಣು..." ಎಂದು ಅಲ್ಲಿಗೇ ನಿಲ್ಲಿಸಿದ.

ಉರುಕುಂದಮ್ಮ ಅವನ ಪಕ್ಕ ತಡಕಾಡಿ ಕೂತಳು. "ಏನ್ ಕೇಳಿದ್ರು? ನೀ ಏನ್ ಅಂದಿ? ಇದ್ದದ್ದು ಇದ್ದಂಗ ಹೇಳು" ಎಂದಳು.

ಇದ್ದದ್ದು ಇದ್ದ ಹಾಗೆ ಹೇಳಬೇಕೆಂದರೆ ನರಸಣ್ಣನಿಗೆ ಒಂದೇ ದಾರಿ ಗೊತ್ತಿತ್ತು. ಮನಸ್ಸಿಲ್ಲದಿದ್ದರೂ ಡಾಕ್ಟರ ಹಾಗೆ ಗಂಟಲು ಸರಿಮಾಡಿಕೊಂಡ. ಮಾತಿನ ತುದಿಯನ್ನು ಕರಾವಳಿಯವರಂತೆ ಎಳೆದು, ಹಲ್ಲು ಕಿಸಿದು, "ನಿಮ್ಮ ಗುಂಡೀ ಹೆಂಗ ಐತೀ" ಎಂದ.

"ಇನ್ನೊಮ್ಮೆ ಅನ್ನು."

ಅಂದ.

ಉರುಕುಂದಮ್ಮನ ತವರು ಆಸ್ಪರಿ ಕಡೆ, ತವರಿನ ಮಾತು ತೆಲುಗು. ಕಣ್ಣು ಮಂಜಾದ ಮೇಲೆ ಕಿವಿ ಇನ್ನಷ್ಟು ಚೂಪಾಗಿತ್ತು. ಮೊದಲು ಆಕೆಯ ಭುಜ ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ಸೆರಗು ಬಾಯಿಗೆ ತುರುಕಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ಅಯ್ಯ ನನ್ನ ಗಂಡನ, ಅವ್ರು ಗುಂಡೆ ಕೇಳ್ಯಾರ. ನೀ ಅಂಗಿ ಗುಂಡಿ ತೋರಿಸಿ ಬಂದಿ. ನಡೀ, ನಾಳೆ ನಾನೂ ಬರತೀನಿ."

ಮರುದಿನ ದವಾಖಾನೆಯಲ್ಲಿ ಉರುಕುಂದಮ್ಮ ಡಾಕ್ಟರ ದನಿ ಬಂದ ಕಡೆ ತಿರುಗಿ ನಿಂತು, ಗಂಡನ ಅಂಗಿ ಹಿಡಿದೆಳೆದು ಮುಂದೆ ಮಾಡಿದಳು. ಗುಂಡಿ ಜೋತಾಡುತ್ತಿತ್ತು.

"ಡಾಕ್ಟರೇ, ಇದ ನೋಡ್ರಿ ನಿಮಗ ಹೇಳಿದ ಗುಂಡಿ. ಕನ್ನಡದಾಗ ಗುಂಡಿ ಅಂದ್ರ ಅಂಗಿಗೆ ಹಚ್ಚೋದು, ಇಲ್ಲಾ ನೆಲದಾಗ ತೋಡೋದು. ನೀವು ಮೊದಲಿಂದು ಕೇಳಿ ನಮ್ಮನ್ನ ಎರಡನೇದ್ರಾಗ ಕೆಡವಿದ್ರಿ."

ಡಾಕ್ಟರು ದಸ್ತಗಿರಮ್ಮನ ಕಡೆ ನೋಡಿದರು. ದಸ್ತಗಿರಮ್ಮ ಹತ್ತಿ ಸುತ್ತಿದ ಕಡ್ಡಿಗಳನ್ನು ಬಹಳ ಶ್ರದ್ಧೆಯಿಂದ ಜೋಡಿಸತೊಡಗಿದಳು. ಡಾಕ್ಟರ ಕಿವಿ ಕೆಂಪಾದವು, ಆದರೆ ಅವರು ಒಪ್ಪಲಿಲ್ಲ. ಈ ಸಲ ತೆಲುಗಿನಲ್ಲೇ ಹೇಳಿದರು.

"ತಪ್ಪು ನನ್ನದೇ ಇರಬಹುದಮ್ಮ. ಆದರೂ ಒಂದು ಗುಂಡಿ ನೋಡಿ ನಾನು ಫಿಟ್ ಎಂದು ಬರೆಯಲಾರೆ. ಅಂಡಿಗೆ ಹೊರುವ ಕೆಲಸ. ಏನಾದರೂ ಆದರೆ ನಿಮ್ಮ ಮುಖ ನಾನು ಹೇಗೆ ನೋಡಲಿ? ಭಾರ ಬಿದ್ದಾಗ ಎದೆ ಹೇಗಿರುತ್ತದೆ, ಅದನ್ನು ನಾನು ಕೇಳಬೇಕು. ಇಲ್ಲಿ ಇಂಜಿನ್ನು ಕೇಳಿಸಗೊಡುವುದಿಲ್ಲ."

"ಹಂಗಾದ್ರ ನಾಳೆ ಶನಿವಾರ ಐತ್ರಿ" ಎಂದ ನರಸಣ್ಣ. "ರಣಮಂಡಲಕ್ಕ ಬರ್ರಿ. ಅಲ್ಲಿ ಇಂಜಿನ್ನಿಲ್ಲ. ಹನುಮಪ್ಪ ಅದಾನ, ನಾ ಇರತೀನಿ, ನೀವಿರ್ರಿ."

"ನಾನೂ ಬರತೀನಿ" ಎಂದಳು ಉರುಕುಂದಮ್ಮ. "ಎರಡು ವರ್ಷ ಆತು ನಾ ಆತನ ಗುಡಿ ಕಂಡು. ಕಣ್ಣು ಕೇಳಾಕ ಹೋಗಬೇಕಲ್ಲ."

ಶನಿವಾರ ಬೆಳಗಾಗುತ್ತಲೇ ಮೂವರೂ ಗುಡ್ಡದ ಬುಡದಲ್ಲಿ ಸೇರಿದರು. ಡಾಕ್ಟರು ಬೂಟು ಹಾಕಿಕೊಂಡು, ಚೀಲದಲ್ಲಿ ಎದೆಯ ಗುಳಿಗೆಗಳನ್ನೂ ತಂದಿದ್ದರು. ನರಸಣ್ಣ ಅವನ್ನು ನೋಡಿದ. ಅವನಿಗೆ ಅವತ್ತು ಮೊದಲ ಸಲ ಒಳಗೆ ಸಣ್ಣ ಹೆದರಿಕೆ ಇತ್ತು. ಬರೆದವರು ಓದಿದವರು. ಅವರು ತಪ್ಪಿ ಬರೆದದ್ದೇ ನಿಜವಾಗಿಬಿಟ್ಟರೆ?

ಮೊದಲಿನ ಮೆಟ್ಟಿಲುಗಳು ಸಲೀಸು. ಉರುಕುಂದಮ್ಮ ಗಂಡನ ಕೈ ಹಿಡಿದು ಹತ್ತಿದಳು. ಮುಂದೆ ಕಲ್ಲುಗಳು ಒಂದೊಂದು ಒಂದೊಂದು ಎತ್ತರ. ಆಕೆ ಎಡವಿದಳು, ಮತ್ತೆ ಎಡವಿದಳು, ಮೊಣಕಾಲು ತರಚಿತು.

"ನೀವು ಹೋಗ್ರಿ, ನಾ ಇಲ್ಲೇ ಕೂಡತೀನಿ" ಎಂದಳು.

ನರಸಣ್ಣ ಆಕೆಯ ಮುಂದೆ ಬೆನ್ನು ಮಾಡಿ ಕೂತ. "ಹತ್ತು."

"ನಾಚಿಕಿ ಬ್ಯಾಡೇನು ನಿನಗ? ಡಾಕ್ಟರು ಅದಾರ."

"ಡಾಕ್ಟರಿಗೆ ಭಾರ ಬೇಕಾಗೈತಿ. ನಿನಕಿಂತ ಭಾರ ಈ ಗುಡ್ಡದಾಗ ಎಲ್ಲಿ ಹುಡುಕ್ಲಿ?"

ಉರುಕುಂದಮ್ಮ ಅವನ ತಲೆಗೊಂದು ಮೊಟಕಿ ಬೆನ್ನಿಗೆ ಹತ್ತಿದಳು. ಅಂಡಿಗೆ ಹೊತ್ತ ಬೆನ್ನು ತಾನಾಗಿಯೇ ಬಾಗಿತು, ಕಾಲು ತಾನಾಗಿಯೇ ಕಲ್ಲು ಹುಡುಕಿತು. ಹತ್ತಿಯ ಅಂಡಿಗೆ ಸುಮ್ಮನಿರುತ್ತದೆ, ಇದು ದಾರಿಯುದ್ದಕ್ಕೂ ಮಾತಾಡಿತು. ಎಡಕ್ಕೆ ವಾಲಬೇಡ, ಬೆವರು ಕಣ್ಣಿಗೆ ಇಳಿಯುತ್ತಿದೆಯೇನು, ಒರೆಸಲೇನು ಎಂದು ಕೇಳುತ್ತ ಸೆರಗಿನಿಂದ ಒರೆಸಿತು ಕೂಡ. ನರಸಣ್ಣ ಉಸಿರು ಉಳಿಸಿಕೊಳ್ಳಲಿಲ್ಲ. ಮೂಗಿನಿಂದ ರೇವಣಸಿದ್ದಯ್ಯನಾಗಿ ಉತ್ತರ ಕೊಟ್ಟ, ಇಂಜಿನ್ನಾಗಿ ಕೆಮ್ಮಿದ. ಇಳಿದು ಬರುತ್ತಿದ್ದ ಭಕ್ತರು ಪಕ್ಕಕ್ಕೆ ಸರಿದು ದಾರಿ ಬಿಟ್ಟು, ನಿಂತು ನೋಡಿದರು.

ಹಿಂದಿನಿಂದ ಇನ್ನೊಂದು ಇಂಜಿನ್ನು ಕೇಳಿಸತೊಡಗಿತು. ಅದು ಅಣಕವಲ್ಲ, ನಿಜವಾದದ್ದು. ಡಾಕ್ಟರು ಒಂದು ಬಂಡೆ ಹಿಡಿದು ನಿಂತಿದ್ದರು.

"ಸಾರ್, ನಿಮ್ಮ ಚೀಲ ಇತ್ತ ಕೊಡ್ರಿ" ಎಂದ ನರಸಣ್ಣ. ಉರುಕುಂದಮ್ಮ ಕೈ ಚಾಚಿದಳು. ಚೀಲವೂ ಬೆನ್ನಿನ ಮೇಲೆ ಬಂತು.

ಗುಡಿಯ ಮುಂದೆ ನರಸಣ್ಣ ಹೆಂಡತಿಯನ್ನು ಇಳಿಸಿ, ಗಂಟೆ ಬಾರಿಸಿ, ಅಂಗಿಯ ಮಿಕ್ಕ ಗುಂಡಿಗಳನ್ನು ತಾನೇ ಬಿಚ್ಚಿ ನಿಂತ. ಡಾಕ್ಟರು ಬಂದು ಕಟ್ಟೆಗೆ ಒರಗಿ, ಏದುಸಿರು ಬಿಡುತ್ತಲೇ ಸ್ಟೆತಾಸ್ಕೋಪು ಇಟ್ಟರು. ಕೇಳಿದರು. ತೆಗೆದರು. ಮತ್ತೆ ಇಟ್ಟರು. ಮುಖ ಬಿಳುಪೇರಿತು.

"ಏನಾತ್ರಿ?" ಎಂದಳು ಉರುಕುಂದಮ್ಮ. ಮೊದಲ ಸಲ ಆಕೆಯ ದನಿಯಲ್ಲಿ ನಗು ಇರಲಿಲ್ಲ.

ಡಾಕ್ಟರು ಕೈ ಎತ್ತಿ ತಡೆಯಿರಿ ಎಂದರು. ಉಸಿರು ಹದಕ್ಕೆ ಬರುವ ತನಕ ಕೂತರು. ಆಮೇಲೆ ತೆಲುಗಿನಲ್ಲೇ ಹೇಳಿದರು.

"ಏನೂ ಆಗಿಲ್ಲಮ್ಮ. ಇಷ್ಟು ಹೊತ್ತು ನಾನು ನನ್ನದನ್ನೇ ಕೇಳುತ್ತಿದ್ದೆ."

ಈಗ ಮೂರನೆಯ ಸಲ ಇಟ್ಟರು. ಗಾಳಿ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಕೆಳಗೆ ಆದೋನಿ, ಮಿಲ್ಲುಗಳ ಹೊಗೆ, ಒಣಹಾಕಿದ ಹತ್ತಿಯ ಬಿಳಿ ತುಣುಕುಗಳು. ಡಾಕ್ಟರು ಬಹಳ ಹೊತ್ತು ಕೇಳಿದರು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು, ಒಳ್ಳೆಯ ಹಾಡು ಕೇಳಿದವರ ಹಾಗೆ.

"ಹನುಮಂತನೇ ಮದ್ದಲಿ ಬಾರಿಸಿದಂಗ ಐತಿ" ಎಂದರು, ಹಲ್ಲು ಕಿಸಿದು. ಆ ಕನ್ನಡದಲ್ಲಿ ಒಂದು ತಪ್ಪೂ ಇರಲಿಲ್ಲ.

ಸೋಮವಾರ ರೇವಣಸಿದ್ದಯ್ಯನ ಮೇಜಿನ ಮೇಲೆ ಹೊಸ ಚೀಟಿ ಬಿತ್ತು. ಕಾರ್ಡು ದೇವರ ಗೂಡಿನಿಂದ ಇಳಿದು ಬಳ್ಳಾರಿಗೆ ಹೋಯಿತು, ಯುಗಾದಿ ಮುಗಿದ ವಾರವೇ. ಕಣ್ಣಿನ ಪಟ್ಟಿ ಬಿಚ್ಚಿದ ದಿನ ಉರುಕುಂದಮ್ಮ ಗಂಡನ ಮುಖವನ್ನು ದಿಟ್ಟಿಸಿ, "ಯಾವಾಗ ಇಷ್ಟು ಮುದುಕ ಆದಿ? ಬೆನ್ನಿನ ಮ್ಯಾಲಿದ್ದಾಗ ಗೊತ್ತೇ ಆಗಲಿಲ್ಲ" ಎಂದಳು.

ಕನ್ನಡಕ ಬಂದಿತು, ಸೋಡಾ ಸೀಸೆಯ ಬುಡದಷ್ಟು ದಪ್ಪದ್ದು. ಅದನ್ನು ಹಾಕಿಕೊಂಡು ಆಕೆ ಮೊದಲು ಹೋದದ್ದು ಮಿಲ್ಲಿನ ದವಾಖಾನೆಗೆ, ಡಾಕ್ಟರಿಗೆ ಕೈಮುಗಿಯಲು. ಜೊತೆಯಲ್ಲಿ ಅದೇ ಅಂಗಿ ತೊಟ್ಟ ಗಂಡನನ್ನೂ ಸೂಜಿ ದಾರವನ್ನೂ ತಂದಿದ್ದಳು. ಎಲ್ಲರೂ ನೋಡುವಂತೆ ಸೂಜಿಯನ್ನು ಬೆಳಕಿಗೆ ಹಿಡಿದಳು. ದಾರ ಒಂದೇ ಸಲಕ್ಕೆ ಹೋಯಿತು. ದಸ್ತಗಿರಮ್ಮ ಶಹಬಾಸ್ ಎಂದಳು.

ಮೈಮೇಲಿನ ಅಂಗಿ ಹೊಲಿಯುವಾಗ ತೊಟ್ಟವರು ಬಾಯಲ್ಲಿ ಕಡ್ಡಿ ಕಚ್ಚಿಕೊಂಡು ಸುಮ್ಮನಿರಬೇಕೆಂದು ಉರುಕುಂದಮ್ಮನ ತವರಿನ ಕಟ್ಟಳೆ. ಹಾಗಾಗಿ ಮಿಲ್ಲಿನ ಇತಿಹಾಸದಲ್ಲಿ ಮೊದಲ ಬಾರಿಗೆ ನರಸಣ್ಣ ಬಾಯಿ ಮುಚ್ಚಿ ಕೂತ. ಆಕೆ ಗುಂಡಿ ಹಚ್ಚಿ, ಗಂಟು ಹಾಕಿ, ದಾರ ಕಚ್ಚಿ ಹರಿಯಲು ಅವನ ಎದೆಗೆ ಮುಖ ತಂದವಳು ಹಾಗೆಯೇ ಕಿವಿ ಇಟ್ಟಳು. ಪಕ್ಕದಲ್ಲಿ ಇಂಜಿನ್ನು ದಡದಡಿಸುತ್ತಿತ್ತು. ಆಕೆಗೆ ಅದು ಅಡ್ಡ ಬಂದ ಹಾಗೆ ಕಾಣಲಿಲ್ಲ.

"ಏನಮ್ಮ, ಹೆಂಗ ಐತಿ?" ಎಂದರು ಡಾಕ್ಟರು.

ಉರುಕುಂದಮ್ಮ ತಲೆ ಎತ್ತಿ, ದಪ್ಪ ಕನ್ನಡಕದೊಳಗಿಂದ ಅವರನ್ನು ನೋಡಿ ಹೇಳಿದಳು.

"ಬರಕೊಳ್ರಿ ಡಾಕ್ಟರೇ. ಗುಂಡೀನೂ ಗಟ್ಟಿ ಐತಿ, ಗುಂಡೆನೂ ಗಟ್ಟಿ ಐತಿ."