ಬೆಲ್ಲಕ್ಕೆ ಅಂಟಿದ ಸೀಸ

ನಾನು ಸೀಸ. ಬಂಗಾರದ ಹಾಗೆ ಹೊಳೆಯುವವನಲ್ಲ, ಕಂಚಿನ ಹಾಗೆ ದನಿ ಇರುವವನೂ ಅಲ್ಲ. ಮೈ ಮೆತ್ತಗೆ, ಬಣ್ಣ ಬೂದಿ, ತೂಕ ಮಾತ್ರ ನೋಡಿದವರು ಎಣಿಸಿದ್ದಕ್ಕಿಂತ ಹೆಚ್ಚು. ಎತ್ತಲು ಬಂದವರು ಮೊದಲ ಸಲ ಮೋಸಹೋಗಿ ಸೊಂಟ ಹಿಡಿದುಕೊಳ್ಳುತ್ತಾರೆ. ನನಗೆ ಅದನ್ನು ನೋಡಲು ಖುಷಿ. ನನ್ನ ಸ್ವಭಾವ ಇಂಥದ್ದು ಎಂದು ಮೊದಲೇ ಹೇಳಿಬಿಡುತ್ತೇನೆ. ಕನಿಕರ ಬೇಕಾದವರು ಹಸುವಿನ ಕಥೆ ಓದಿಕೊಳ್ಳಲಿ.

ಯಾವ ಬೆಟ್ಟದ ಹೊಟ್ಟೆಯಿಂದ ನನ್ನನ್ನು ಅಗೆದರೋ ನೆನಪಿಲ್ಲ. ನೆನಪು ಶುರುವಾಗುವುದು ಬೆಂಕಿಯಿಂದ. ಕರಗಿಸಿದರು, ಅಚ್ಚಿಗೆ ಸುರಿದರು, ಜಾಳಿಗೆಯಂಥ ತಟ್ಟೆಗಳಾಗಿ ಮಾಡಿ ಆಮ್ಲದಲ್ಲಿ ಮುಳುಗಿಸಿ ಬ್ಯಾಟರಿ ಎಂದು ಹೆಸರಿಟ್ಟರು. ನನ್ನ ಕುಲಕ್ಕೆ ಸಾವಿಲ್ಲ. ಹಳೆಯ ಬ್ಯಾಟರಿ ಒಡೆದು ಕರಗಿಸಿದರೆ ಹೊಸದು ಸಿದ್ಧ. ಹೀಗೆ ಲಾರಿಯಲ್ಲಿ ಒಂದು ಜನ್ಮ, ಟ್ರ್ಯಾಕ್ಟರಿನಲ್ಲಿ ಒಂದು ಜನ್ಮ ಕಳೆದಿದ್ದೇನೆ. ಎಷ್ಟು ಸಲ ಕರಗಿದರೂ ನಾನು ನಾನೇ. ಮನುಷ್ಯರು ಆತ್ಮದ ಬಗ್ಗೆ ಹೇಳಿಕೊಳ್ಳುವುದೆಲ್ಲ ನನ್ನ ವಿಷಯದಲ್ಲಿ ನಿಜ.

ಕಳೆದ ಜನ್ಮದಲ್ಲಿ ನಾನು ಒಂದು ಹೆರಿಗೆ ಆಸ್ಪತ್ರೆಯ ಮೆಟ್ಟಿಲ ಕೆಳಗೆ ಇನ್ವರ್ಟರಿನ ಬ್ಯಾಟರಿಯಾಗಿದ್ದೆ. ಆ ಊರಿನಲ್ಲಿ ಕರೆಂಟು ಹೋಗುವುದಕ್ಕೂ ಮಕ್ಕಳು ಹುಟ್ಟುವುದಕ್ಕೂ ಹೊತ್ತುಗೊತ್ತು ಇರಲಿಲ್ಲ. ಎರಡೂ ಒಟ್ಟಿಗೆ ಬಂದಾಗ ದೀಪ ಉರಿಸಿದವನು ನಾನು. ಒಳಗೆ ಕೂಸು ಅತ್ತಿತೆಂದರೆ ಹೊರಗೆ ಕೂತವರು ದೇವರಿಗೆ ಕೈಮುಗಿಯುತ್ತಿದ್ದರು, ವೈದ್ಯರಿಗೆ ಪೇಡೆ ಕೊಡುತ್ತಿದ್ದರು. ಮೆಟ್ಟಿಲ ಕೆಳಗೆ ಯಾರೂ ಬಗ್ಗಿ ನೋಡಲಿಲ್ಲ. ಕೊನೆಗೆ ನನಗೆ ನೀರು ಹಾಕಬೇಕಾದವರೂ ಮರೆತರು. ತಟ್ಟೆಗಳು ಒಣಗಿದವು, ಹೊಸ ಬ್ಯಾಟರಿ ಬಂತು, ನಾನು ಗುಜರಿಯ ಟೆಂಪೊ ಹತ್ತಿದೆ.

ಇಳಿಸಿದ್ದು ಹುಬ್ಬಳ್ಳಿಯ ಆಚೆ, ಇಟ್ಟಿಗೆ ಭಟ್ಟಿಗಳ ಹಿಂದಿನ ಒಂದು ತಗಡಿನ ಶೆಡ್ಡಿನಲ್ಲಿ. ಯಜಮಾನ ಬಸೆಟ್ಟೆಪ್ಪ. ಹಳೆಯ ಬ್ಯಾಟರಿ ಕೊಂಡು, ಒಡೆದು, ಕರಗಿಸಿ, ಸೀಸದ ಗಟ್ಟಿ ಮಾಡಿ ದೊಡ್ಡ ಬ್ಯಾಟರಿ ಕಂಪನಿಯೊಂದಕ್ಕೆ ಕೊಡುವುದು ಅವನ ಕಸುಬು. ಒಡೆಯುವವಳು ದುರುಗವ್ವ, ಕುಲುಮೆ ನೋಡಿಕೊಳ್ಳುವವನು ಅವಳ ಗಂಡ ಫಕ್ಕೀರಪ್ಪ. ಇನ್ನೂ ನಾಲ್ಕಾರು ಜನ ಇದ್ದರು, ಅವರ ಹೆಸರು ನಿಮಗೆ ಬೇಡ.

ದುರುಗವ್ವ ಕೊಡಲಿ ಎತ್ತಿದಳೆಂದರೆ ಒಂದೇ ಏಟು. ನನ್ನ ಪೆಟ್ಟಿಗೆ ಎರಡು ಹೋಳಾಯಿತು. ಆಮ್ಲವನ್ನು ನೆಲದ ಗುಂಡಿಗೆ ಬಗ್ಗಿಸಿದಳು, ತಟ್ಟೆಗಳನ್ನು ಬರಿಗೈಯಲ್ಲಿ ಕಿತ್ತು ಬುಟ್ಟಿಗೆ ಹಾಕಿದಳು. ನನ್ನ ಬಹುಭಾಗ ಕರಗಿ, ಗಟ್ಟಿಯಾಗಿ, ಲಾರಿ ಹತ್ತಿ ಹೋಯಿತು. ಅದರ ಕಥೆ ಕಂಪನಿಯವರು ಬಣ್ಣದ ಪುಸ್ತಕದಲ್ಲಿ ಚೆನ್ನಾಗಿ ಅಚ್ಚುಹಾಕಿಸಿದ್ದಾರೆ. ನಾನು ಆ ಲಾರಿ ಹತ್ತದೆ ಉಳಿದ ಭಾಗ. ಹೊಗೆಯಾಗಿ, ಧೂಳಾಗಿ ಶೆಡ್ಡಿನಲ್ಲೇ ಉಳಿದ ಚೂರುಪಾರು.

ಆ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಕೆಲಸ ಬಿಡುವ ಹೊತ್ತಿಗೆ ಬಸೆಟ್ಟೆಪ್ಪ ಬೆಲ್ಲದ ಪೆಂಟಿ ಒಡೆದು ಎಲ್ಲರಿಗೂ ಒಂದೊಂದು ತುಂಡು ಕೊಡುತ್ತಿದ್ದ. ಅವನ ಅಪ್ಪನ ಕಾಲದಿಂದ ಬಂದದ್ದು. ಬೆಲ್ಲ ತಿಂದರೆ ಗಂಟಲಿನ ಧೂಳು ಕೆಳಗಿಳಿದು ಹೋಗುತ್ತದೆ ಎಂದು ಅವರ ನಂಬಿಕೆ. ಅದಕ್ಕೆ ಒಂದು ಕಟ್ಟಳೆಯೂ ಇತ್ತು. ಕುಲುಮೆಯ ಮುಂದೆ ಕಾದ ಮೈಗೆ ತಕ್ಷಣ ನೀರು ಸೋಕಿಸಬಾರದು, ಶೀತ ಹಿಡಿಯುತ್ತದೆ. ಮೊದಲು ಬೆಲ್ಲ, ಆಮೇಲೆ ಸ್ವಲ್ಪ ಹೊತ್ತು ನೆರಳು, ಆಮೇಲೆ ತೊಟ್ಟಿಗೆ ಹೋಗಿ ಕೈಕಾಲು ತೊಳೆಯುವುದು. ಹಾಗಾಗಿ ಎಲ್ಲರೂ ನನ್ನನ್ನು ಮೆತ್ತಿಕೊಂಡ ಕೈಯಲ್ಲೇ ಬೆಲ್ಲ ಹಿಡಿಯುತ್ತಿದ್ದರು. ಬೆಲ್ಲ ಜಿಗುಟು, ನಾನು ಹಗುರ ಧೂಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಕೊರಗುತ್ತಾರೆ. ಅಲ್ಲಿ ಅಂಥ ಕೊರಗಿಗೆ ಜಾಗವೇ ಇರಲಿಲ್ಲ. ಗಂಟಲಿನ ಧೂಳೂ ಕೆಳಗಿಳಿಯುತ್ತಿತ್ತು, ಸುಳ್ಳಲ್ಲ. ಇಳಿದು ಎಲ್ಲಿಗೆ ಹೋಯಿತೆಂದು ಯಾರೂ ಕೇಳುತ್ತಿರಲಿಲ್ಲ.

ದುರುಗವ್ವನಿಗೆ ಎರಡು ಬಸಿರು ನಿಂತಿರಲಿಲ್ಲ. ಈಗ ಮೂರನೆಯದು. ಅವಳ ತಾಯಿ ಕುಂದಗೋಳದ ಕಡೆಯಿಂದ ಬಂದು, ಈ ಸಲವಾದರೂ ಹೊಗೆ ಬಿಟ್ಟು ಮನೆಗೆ ಬಾ ಎಂದು ಗೋಗರೆದು ಹೋಗಿದ್ದಳು. ಐದು ತಿಂಗಳು ತುಂಬುತ್ತಲೇ ಹೊರಡುವುದೆಂದು ದುರುಗವ್ವ ಗಂಟು ಕೂಡ ಕಟ್ಟಿಟ್ಟಿದ್ದಳು.

ಆ ಸಮಯಕ್ಕೇ ಕಂಪನಿಯವರು ಸುಮೇಧಾ ಎಂಬ ಧಾರವಾಡದ ಹುಡುಗಿಯನ್ನು ಕಳಿಸಿದರು. ಎಂಜಿನಿಯರಿಂಗ್ ಓದಿದವಳು. ಒಂದು ವಸ್ತು ಹುಟ್ಟಿದಾಗಿನಿಂದ ಸಾಯುವವರೆಗೆ ಮಣ್ಣಿಗೆ, ನೀರಿಗೆ, ಗಾಳಿಗೆ ಎಷ್ಟು ಕೇಡು ಮಾಡುತ್ತದೆಂದು ಅಳೆಯುವುದು ಅವಳ ವಿದ್ಯೆ. ಅದಕ್ಕೆ ಜೀವನಚಕ್ರದ ಅಧ್ಯಯನ ಎನ್ನುತ್ತಾರಂತೆ. ಹೆಚ್ಚು ಕೇಡು ಎಲ್ಲಿದೆಯೋ ಹುಡುಕಿ ಅಲ್ಲಿ ಸರಿಪಡಿಸುವುದು. ಹುಡುಗಿ ಒಳ್ಳೆಯವಳು. ಬಿಸಿಲು ನೋಡಲಿಲ್ಲ, ಹೊಗೆ ನೋಡಲಿಲ್ಲ, ಬಂದ ಬ್ಯಾಟರಿ, ಹೋದ ಗಟ್ಟಿ, ಸುಟ್ಟ ಇದ್ದಿಲು ಎಲ್ಲವನ್ನೂ ತೂಕಕ್ಕೆ ಹಾಕಿಸಿದಳು.

"ಏನ್ ಅಳೀತೀರಿ ಅಕ್ಕಾರ ದಿನಾ?" ಎಂದು ದುರುಗವ್ವ ಕೇಳಿದಳು.

"ಈ ಬ್ಯಾಟರಿ ಹುಟ್ಟಿದಾಗಿಂದ ಸಾಯೂತನಕ ಭೂಮಿಗೆ ಎಷ್ಟ್ ತ್ರಾಸ ಕೊಡ್ತದ ಅಂತ ಲೆಕ್ಕ ಹಾಕ್ತೀನಿ."

"ಹಂಗಾರ ನಮ್ಮತ್ತೀದೂ ಒಂದ್ ಲೆಕ್ಕಾ ತಗೀರಿ. ಬ್ಯಾಟ್ರಿಕಿಂತಾ ಹೆಚ್ಚ್ ತ್ರಾಸ ಕೊಡತಾಳ."

ಸುಮೇಧಾ ನಕ್ಕಳು. ಸಂಜೆ ಅವಳ ಕೈಗೂ ಬೆಲ್ಲ ಬಂತು. ಅವಳು ತನ್ನ ಮನೆಯ ರೂಢಿಯಂತೆ ಮೊದಲು ತೊಟ್ಟಿಗೆ ಹೋಗಿ ಕೈ ತೊಳೆದುಕೊಂಡು ಬಂದು ತಿಂದಳು. ಹೆಂಗಸರೆಲ್ಲ ಮುಸಿಮುಸಿ ನಕ್ಕರು, ಪೇಟೆಯ ಹುಡುಗಿಗೆ ರೀತಿ ಗೊತ್ತಿಲ್ಲ ಎಂದು. ಆದರೂ ಆ ಬೆಲ್ಲದ ಪದ್ಧತಿ ಅವಳಿಗೆ ಬಹಳ ಹಿಡಿಸಿತು. ಇಷ್ಟು ಕಷ್ಟದ ಜಾಗದಲ್ಲಿ ಯಜಮಾನನೊಬ್ಬ ದಿನವೂ ಬೆಲ್ಲ ಹಂಚುತ್ತಾನಲ್ಲ ಎಂದು ಅವಳ ಕಣ್ಣು ಒದ್ದೆಯಾಯಿತು. ಇದನ್ನು ಬೇರೆ ಶೆಡ್ಡುಗಳಲ್ಲೂ ಜಾರಿಗೆ ತರಬೇಕು ಎಂದು ವರದಿಯಲ್ಲಿ ಬರೆದಳು. ನನಗೆ ಬೇರೆ ಶೆಡ್ಡುಗಳಲ್ಲಿ ಬಂಧುಬಳಗ ಬೇಕಾದಷ್ಟಿದೆ. ಅವರಿಗೂ ಒಳ್ಳೆಯದಾಯಿತು.

ಒಂದು ಮಧ್ಯಾಹ್ನ ದುರುಗವ್ವ ಅವಳ ಪಕ್ಕ ಬಂದು ಕೂತಳು. ಯಾವಾಗಲೂ ನಗಿಸುವವಳು ಅವತ್ತು ನೆಲ ಕೆದರುತ್ತ ಮಾತಾಡಿದಳು.

"ಎರಡು ನಿಂದರಲಿಲ್ರಿ ಅಕ್ಕಾರ. ಹೊಗಿ ಕುಡದ ಹಂಗಾತು ಅಂತಾಳ್ರಿ ನಮ್ಮವ್ವ. ತವರಮನಿಗೆ ಹೋಗೂದಂತ ಮಾಡೀನಿ. ನಾ ಹ್ವಾದ್ರ ಇವ್ರ ಊಟಕ್ಕ ಗತಿ ಇಲ್ಲ. ನೀವು ಕಲತಾರು. ಹೋಗಲ್ಯೋ, ಇರಲ್ಯೋ?"

"ಹೊಗೀ ತ್ರಾಸ ಇನ್ನ ಇರೂದಿಲ್ಲ ದುರುಗವ್ವಾ. ನನ್ನ ಲೆಕ್ಕದಾಗ ಎಲ್ಲಾದಕಿಂತ ಕೆಟ್ಟದ್ದು ಅದೇ ಬಂದದ. ಚಿಮಣಿಗೆ ಫಿಲ್ಟರ್ ಹಾಕಸ್ಲಿಕತ್ತೀವಿ. ಬರೂ ತಿಂಗಳ ಬರ್ತದ."

"ಅದು ಬಂದ್ರ ಇಲ್ಲೇ ಇರಬಹುದೇನ್ರಿ?"

ಸುಮೇಧಾ ಮಡಿಲಲ್ಲಿದ್ದ ಲ್ಯಾಪ್‌ಟಾಪಿನ ಕಡೆ ಒಮ್ಮೆ ನೋಡಿದಳು. "ಇರಬಹುದು" ಎಂದಳು.

ಸುಳ್ಳು ಹೇಳಬೇಕೆಂದು ಹೇಳಿದ ಮಾತಲ್ಲ. ಅವಳ ಲೆಕ್ಕದಲ್ಲಿ ಅದು ನಿಜವೇ ಆಗಿತ್ತು. ದುರುಗವ್ವ ಮನೆಗೆ ಹೋಗಿ ಗಂಟು ಬಿಚ್ಚಿದಳು.

ಫಿಲ್ಟರ್ ಬಂತು. ಚಿಮಣಿಯ ಬುಡದಲ್ಲಿ ತಗಡಿನ ಕೋಣೆ, ಅದರೊಳಗೆ ಸಾಲಾಗಿ ತೂಗುಹಾಕಿದ ಉದ್ದುದ್ದ ಬಟ್ಟೆಯ ಚೀಲಗಳು. ಹೊಗೆ ಅವುಗಳ ಮೂಲಕ ಸೋಸಿ ಹೋಗಬೇಕು. ಹೋಯಿತು. ಆಕಾಶ ತಿಳಿಯಾಯಿತು. ಪಕ್ಕದ ಹಳ್ಳಿಯವರು ಒಣಹಾಕಿದ ಬಟ್ಟೆ ಬೆಳ್ಳಗೇ ಉಳಿಯತೊಡಗಿತು, ದೂರು ಕೊಡುವವರು ಸುಮ್ಮನಾದರು. ಕಂಪನಿಯವರು ಬಂದು ಚಿಮಣಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡರು.

ನಾನು ಮಾಯವಾಗುವವನಲ್ಲ. ಆಕಾಶಕ್ಕೆ ಹೋಗುವವನು ಚೀಲಕ್ಕೆ ಬಂದೆ, ಅಷ್ಟೆ. ಮೊದಲು ನಾಲ್ಕು ಊರಿಗೆ ಹಂಚಿಹೋಗುತ್ತಿದ್ದವನು ಈಗ ಮೈದಾ ಹಿಟ್ಟಿಗಿಂತ ನುಣ್ಣಗೆ ಒಂದೇ ಕಡೆ ಕೂತೆ. ಆ ಚೀಲಗಳನ್ನು ಯಾರಾದರೂ ಕೊಡವಿ, ಝಾಡಿಸಿ, ಧೂಳು ತುಂಬಿಕೊಳ್ಳಬೇಕಿತ್ತು. ಯಾರು ಎನ್ನುವುದು ಸುಮೇಧಾಳ ಲೆಕ್ಕದಲ್ಲಿ ಇರಲಿಲ್ಲ. ಗಾಳಿಗೆ ಹೋಗುವ ಕೇಡು ಇಳಿಯಿತು ಎಂದು ಬಂದ ಮೇಲೆ ಅವಳು ಲೆಕ್ಕದ ಪಟ್ಟಿಯಲ್ಲಿ ಮುಂದಿನ ಸಾಲಿಗೆ ಹೋಗಿದ್ದಳು.

ಬಸೆಟ್ಟೆಪ್ಪ ದುರುಗವ್ವನನ್ನು ಕರೆದ. ಅವನೂ ಕೆಟ್ಟವನಲ್ಲ. ಕೆಟ್ಟವರು ಯಾರಾದರೂ ಇದ್ದಿದ್ದರೆ ಈ ಕಥೆ ಹೇಳುವುದು ನನಗೆ ಸುಲಭವಾಗುತ್ತಿತ್ತು.

"ಹೊಟ್ಯಾಗ ಕೂಸೈತಿ, ಇನ್ನ ಕೊಡ್ಲಿ ಎತ್ತಬ್ಯಾಡವಾ. ಚೀಲಾ ಝಾಡಸೂದು ಹಗೂರ ಕೆಲಸ. ನೆಳ್ಳಾಗ ಕುಂತ ಮಾಡು" ಎಂದ. ಸಂಜೆ ಅವಳಿಗೆ ಎರಡು ತುಂಡು ಬೆಲ್ಲ ಕೊಟ್ಟು, "ಒಂದು ನಿನಗ, ಒಂದು ಒಳಗಿನವ್ರಿಗೆ" ಎಂದು ನಕ್ಕ.

ದುರುಗವ್ವ ತುಂಬಾ ಖುಷಿಯಾಗಿದ್ದಳು. ಹೊಗೆ ಇಲ್ಲ, ಕೊಡಲಿ ಇಲ್ಲ, ನೆರಳು ಇದೆ. ಏಳನೆಯ ತಿಂಗಳಲ್ಲಿ ಶೆಡ್ಡಿನ ಅಂಗಳದಲ್ಲೇ ಸೀಮಂತದ ಕುಬಸ ಮಾಡಿದರು. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬ ಅಕ್ಕಿ, ಕೊಬ್ಬರಿ, ಬೆಲ್ಲ. ಸುಮೇಧಾ ಬಳೆ ತಂದು ತಾನೇ ತೊಡಿಸಿದಳು. ಆರತಿ ಎತ್ತಿದ ಹೆಂಗಸರು ಹಾಡಿದರು. ದುರುಗವ್ವ ಆನಂದಕ್ಕೆ ಅತ್ತಳು.

ನಾನು ಅಷ್ಟರಲ್ಲಿ ಅವಳ ಎಲುಬಿನಲ್ಲಿ ಮನೆ ಮಾಡಿಯಾಗಿತ್ತು. ಮನುಷ್ಯರ ಎಲುಬು ಪೆದ್ದು. ಸುಣ್ಣದ ಅಂಶ ಬೇಕೆಂದು ಕಾದಿರುತ್ತದೆ, ನಾನು ಹೋದರೆ ಸುಣ್ಣವೇ ಬಂತೆಂದು ಒಳಗೆ ಕೂರಿಸಿಕೊಳ್ಳುತ್ತದೆ. ಮೊದಲ ಎರಡು ಬಸಿರಿನ ಕಾಲದ ನನ್ನ ಅಣ್ಣಂದಿರು ಅಲ್ಲಿ ಆಗಲೇ ಇದ್ದರು. ಹೊಟ್ಟೆಯ ಕೂಸು ತನ್ನ ಎಲುಬು ಕಟ್ಟಿಕೊಳ್ಳಲು ತಾಯಿಯ ಎಲುಬಿನಿಂದ ಕೇಳುತ್ತದೆ. ತಾಯಿ ಇಲ್ಲ ಎನ್ನುವುದಿಲ್ಲ. ತನ್ನಲ್ಲಿದ್ದದ್ದನ್ನು ಕರಗಿಸಿ ಕರಗಿಸಿ ಕೊಟ್ಟಳು. ನಾನೂ ಜೊತೆಯಲ್ಲಿ ಹೋದೆ.

ಹೆರಿಗೆಯಾದದ್ದು ಹಿಂದೆ ನಾನು ದೀಪ ಉರಿಸಿದ ಅದೇ ಆಸ್ಪತ್ರೆಯಲ್ಲಿ. ಕರೆಂಟು ಹೋಯಿತು, ಮೆಟ್ಟಿಲ ಕೆಳಗಿನ ಹೊಸ ಬ್ಯಾಟರಿ ದೀಪ ಉರಿಸಿತು. ಹೊರಗೆ ಫಕ್ಕೀರಪ್ಪ ಕೈಮುಗಿದ. ಹೆಣ್ಣುಮಗು, ಜೀವಂತ. ಎರಡು ಕಳೆದುಕೊಂಡ ಮನೆಗೆ ಅದಕ್ಕಿಂತ ಹೆಚ್ಚೇನು ಬೇಕು? ಅಕ್ಕಾರು ಇರು ಅಂದಿದ್ದಕ್ಕೆ ಇದು ಉಳಿಯಿತು ಎಂದು ಮಗುವಿಗೆ ಸುಮೇಧಾ ಎಂದೇ ಹೆಸರಿಟ್ಟರು. ಬಾಯಲ್ಲಿ ತಿರುಗದ್ದಕ್ಕೆ ಸುಮಿ ಎಂದು ಕರೆದರು.

ಎರಡು ವರ್ಷ ಕಳೆಯಿತು. ಸುಮೇಧಾಳ ವರದಿಗೆ ಬಹುಮಾನ ಬಂದಿತ್ತು. ಕಂಪನಿಯ ಬ್ಯಾಟರಿಯ ಮೇಲೆ ಈಗ ಭೂಮಿಗೆ ಕೇಡಿಲ್ಲ ಎನ್ನುವ ಹಸಿರು ಎಲೆಯ ಗುರುತು. ಬಣ್ಣದ ಕಾರ್ಖಾನೆಯವರು, ಟೈಲ್ಸಿನವರು, ಸಕ್ಕರೆಯವರು ನಮಗೂ ಹೀಗೇ ಮಾಡಿಕೊಡಿ ಎಂದು ಅವಳನ್ನು ಕರೆಯುತ್ತಿದ್ದರು. ಸುಧಾರಣೆ ಉಳಿದಿದೆಯೋ ಬಿದ್ದುಹೋಗಿದೆಯೋ ನೋಡಲು ಅವಳು ಮತ್ತೆ ಶೆಡ್ಡಿಗೆ ಬಂದಳು. ದುರುಗವ್ವ ಓಡಿ ಬಂದು ಮಗುವನ್ನು ಅವಳ ಮಡಿಲಿಗೆ ಹಾಕಿದಳು.

"ನಿಮ್ಮ ಹೆಸರಿನಾಕಿ ನೋಡ್ರಿ. ಭಾಳ ಶಾಣ್ಯಾಕಿ ಐತ್ರಿ ಅಕ್ಕಾರ, ಒಟ್ಟ ಅಳೂದಿಲ್ಲ. ಕುಂದರಿಸಿದಲ್ಲೇ ಕುಂತಿರತೈತಿ."

ಮಗು ಅಳಲಿಲ್ಲ. ನಗಲೂ ಇಲ್ಲ. ಕರೆದರೆ ತಿರುಗುತ್ತಿರಲಿಲ್ಲ. ತಗಡಿನ ಬಿರುಕಿನಿಂದ ಬೀಳುವ ಬಿಸಿಲನ್ನು ನೋಡುತ್ತ ಕೂತಿತ್ತು. ಸುಮೇಧಾ ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಕೆಲಸ ಮುಂದುವರಿಸಿದಳು.

"ಫಕ್ಕೀರಪ್ಪಾ, ಬಂದ ಸೀಸಕ್ಕೂ ಹೋದ ಸೀಸಕ್ಕೂ ತಾಳೆ ಆಗವಲ್ದು. ಚೀಲದ ಧೂಳು ಹಿಡದ್ರೂ ಸ್ವಲ್ಪ ಕಡಿಮಿ ಬೀಳ್ತದ. ಅದೆಲ್ಲಿ ಹೋಗ್ತದ?"

"ನೆಲದಾಗ ಬಿದ್ದಿರತೈತ್ರಿ. ಎಲ್ಲಿ ಹೊಕ್ಕೈತಿ ಅದು?"

"ಮದ್ಲ ಬೆಲ್ಲಾ ತಿನಸ್ರಿ ಆಕೀಗೆ, ಆಮ್ಯಾಲ ಲೆಕ್ಕಾ" ಎಂದು ದುರುಗವ್ವ ತುಂಡು ಮುರಿದು ಕೊಟ್ಟಳು. ಅವಳ ಬೆರಳಿನ ಗೆರೆಗಳಲ್ಲಿ ನಾನಿದ್ದೆ. ಬೆಲ್ಲದ ಮೇಲೂ ತೆಳ್ಳಗೆ ಬೂದಿಬಣ್ಣ. ಸುಮೇಧಾ ಮಗುವಿನ ಬಾಯಿ ತೆರೆಸಿದಳು. ಒಸಡಿನ ಅಂಚಿಗೆ, ಹಲ್ಲುಗಳ ಬುಡದಲ್ಲಿ, ಸ್ಲೇಟಿನ ಬಣ್ಣದ ಸಣ್ಣ ಗೆರೆ ಎಳೆದಿತ್ತು.

ಅವಳ ಕೈ ನಿಂತಿತು. ಓದಿದವಳು, ಅದು ಮೈಗೇರಿದ ಸೀಸ ಎಳೆಯುವ ಗೆರೆ ಎಂದು ಅವಳಿಗೆ ಗೊತ್ತಿತ್ತು. ದುರುಗವ್ವನ ಬಾಯಿ ನೋಡಿದಳು, ಬೆರಳು ನೋಡಿದಳು, ತೂಗುತ್ತಿದ್ದ ಚೀಲಗಳನ್ನು ನೋಡಿದಳು. ಕೊನೆಗೆ ತನ್ನ ಕೈಯಲ್ಲಿದ್ದ ಬೆಲ್ಲವನ್ನು.

"ಯಾಕ್ರಿ ಅಕ್ಕಾರ?"

ನಾನು ಉಸಿರು ಬಿಗಿಹಿಡಿದೆ ಎಂದು ಹೇಳಬಹುದಿತ್ತು, ನನಗೆ ಉಸಿರಿಲ್ಲ. ಆದರೆ ನಿಜ ಹೇಳುತ್ತೇನೆ, ಅವಳು ಬಾಯಿ ಬಿಡಲಿ ಎಂದು ನನಗೂ ಒಮ್ಮೆ ಅನ್ನಿಸಿತು.

"ಏನಿಲ್ಲ" ಎಂದಳು ಸುಮೇಧಾ.

ಬೆಲ್ಲವನ್ನು ದುರುಗವ್ವನ ಕೈಗೇ ಕೊಟ್ಟಳು, ಮಗುವನ್ನೂ ಕೊಟ್ಟಳು. ಲ್ಯಾಪ್‌ಟಾಪಿನ ಲೆಕ್ಕದಲ್ಲಿ, ತಾಳೆಯಾಗದ ಸೀಸದ ಮುಂದೆ ಖಾಲಿ ಬಿಟ್ಟಿದ್ದ ಜಾಗದಲ್ಲಿ 'ನಗಣ್ಯ' ಎಂದು ಒತ್ತಿದಳು. ಆಮೇಲೆ ತೊಟ್ಟಿಗೆ ಹೋಗಿ ಮೊಣಕೈತನಕ ಸೋಪು ಹಚ್ಚಿ ತುಂಬಾ ಹೊತ್ತು ಕೈ ತೊಳೆದುಕೊಂಡು, ಕಾರು ಹತ್ತಿದಳು. ನನಗೆ ಕರುಳಿಲ್ಲ, ಇದ್ದ ಕಡೆ ಇದ್ದು ಕೇಡು ಮಾಡುತ್ತೇನೆ. ಅವಳಿಗೆ ಕರುಳಿತ್ತು. ಆ ಹೊತ್ತು ನನಗೆ ಅವಳ ಮೇಲೆ ಬಂದಷ್ಟು ಸಿಟ್ಟು ಯಾವ ಬೆಂಕಿಯ ಮೇಲೂ ಬಂದಿಲ್ಲ.

ಈಗ ನನಗೆ ವಯಸ್ಸಾಯಿತು. ಇದೇ ನನ್ನ ಕೊನೆಯ ಮೂಲೆ, ಸುಮಿಯ ಎಳೆಯ ಎಲುಬು. ಇಲ್ಲಿ ಕುಲುಮೆಯಿಲ್ಲ, ಕೊಡಲಿಯಿಲ್ಲ, ಮತ್ತೆ ಕರಗಿಸಿ ಗಟ್ಟಿ ಮಾಡುವವರು ಯಾರೂ ಬರುವುದಿಲ್ಲ. ಹುಟ್ಟಿನಿಂದ ಸಾವಿನವರೆಗೆ ಅಳೆಯುತ್ತೇವೆ ಎಂದವರು ನನ್ನ ಸಾವಿನ ತನಕ ಬಂದು, ಮುಟ್ಟಿ ನೋಡಿ, ವಾಪಸು ಹೋದರು. ಕಾರಿನ ಧೂಳು ಅಡಗುವವರೆಗೆ ದುರುಗವ್ವ ಕೈಬೀಸುತ್ತ ನಿಂತಿದ್ದಳು. ಆಮೇಲೆ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, ಬೆಲ್ಲವನ್ನು ಬೆರಳಲ್ಲಿ ಹಿಸುಕಿ ಮೆತ್ತಗೆ ಮಾಡಿ, ಅದರ ಬಾಯಿಗೆ ಇಟ್ಟಳು.

"ತಿನ್ನವಾ ಸುಮೀ," ಎಂದಳು. "ಧೂಳಾ ಇಳೀಲಿ."