ಒಂದು ಹಿಡಿ ವೇಸ್ಟ್

ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಹಾಲೇಶನಿಗೆ ಎರಡು ಬಗೆಯ ಜನರನ್ನು ಕಂಡರೆ ಮೈ ಉರಿಯುತ್ತಿತ್ತು. ಒಂದು, ಕಾರ್ಖಾನೆಯ ಸಾಮಾನನ್ನು ಮನೆಗೆ ಸಾಗಿಸುವವರು. ಇನ್ನೊಂದು, ಶಿವಮೊಗ್ಗದ ವಿದ್ಯಾನಗರದಲ್ಲಿ ಮನೆ ಕಟ್ಟಿಸಿಕೊಂಡು, ಭದ್ರಾವತಿ ಎಂದೊಡನೆ ಮೂಗು ಮುರಿಯುವವರು. ಮೊದಲ ಗುಂಪಿಗೆ ಪಕ್ಕದ ಕ್ವಾರ್ಟರ್ಸಿನ ಏಕಾಂತಪ್ಪನೇ ನಾಯಕ. ಅವನ ಮನೆಯ ಗೇಟು, ಬಟ್ಟೆ ಒಣಹಾಕುವ ತಂತಿ, ದೇವರ ಕೋಣೆಯಲ್ಲಿ ಗಂಟೆ ನೇತುಹಾಕಿದ ಕೊಕ್ಕೆ ಕೂಡ ಕಾರ್ಖಾನೆಯದು. ಎರಡನೆಯ ಗುಂಪಿಗೆ ಹೆಂಡತಿಯ ಅಕ್ಕ ದಾಕ್ಷಾಯಣಿ. "ಹದಿನೆಂಟು ವರ್ಷ ಸರ್ವಿಸ್ ಆಯ್ತು, ಒಂದು ನಟ್ಟು ಮನೆಗೆ ತಂದಿಲ್ಲ" ಎಂದು ಹಾಲೇಶ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದ. ಕೇಳುವವರಿಗೆ ಬೇಜಾರು ಬಂದಿತ್ತು, ಅವನಿಗೆ ಬಂದಿರಲಿಲ್ಲ.

ತೊಂಬತ್ತೇಳರ ಜುಲೈನಲ್ಲಿ ಹಿಡಿದ ಮಳೆ ಬಿಡಲೇ ಇಲ್ಲ. ಮಕ್ಕಳು ಹೊರಗೆ ಆಡಲಾಗದೆ ಟೀವಿ ನೋಡಿ ಕೆಡುತ್ತಿದ್ದಾರೆಂದು ದಾಕ್ಷಾಯಣಿಗೆ ಇದ್ದಕ್ಕಿದ್ದಂತೆ ಜ್ಞಾನೋದಯವಾಗಿ, ತನ್ನ ವರಾಂಡದಲ್ಲಿ ಭಾನುವಾರದ ಕ್ರಾಫ್ಟ್ ಕ್ಲಾಸು ಶುರುಮಾಡಿದಳು. ತಂಗಿ ಭವಾನಿಗೆ ಫೋನು ಬಂತು: "ಸಂಘಮಿತ್ರಾನ್ನೂ ಕಳ್ಸೇ. ಬರೋವಾಗ ಒಂದಿಷ್ಟು ವೇಸ್ಟ್ ತರ್ಲಿ. ಮಕ್ಕಳ ಕೈಲಿ ಏನಾದ್ರೂ ಮಾಡಿಸ್ತೀನಿ."

ಭವಾನಿ ಆ ಮಾತನ್ನು ಹಾಗೆಯೇ ಗಂಡನಿಗೆ ಒಪ್ಪಿಸಿದಳು. ಕಾರ್ಖಾನೆಯಲ್ಲಿ ವೇಸ್ಟ್ ಎಂದರೆ ಒಂದೇ ಒಂದು ವಸ್ತು: ಕೈಯ ಗ್ರೀಸು, ಮಷೀನಿನ ಎಣ್ಣೆ ಒರೆಸಿಕೊಳ್ಳಲು ಸ್ಟೋರಿನಲ್ಲಿ ಕೊಡುವ ಹತ್ತಿ ನೂಲಿನ ಉಂಡೆ. ಹದಿನೆಂಟು ವರ್ಷ ಅದರಲ್ಲೇ ಕೈ ಒರೆಸಿದವನಿಗೆ ಆ ಪದಕ್ಕೆ ಇನ್ನೊಂದು ಅರ್ಥವಿರಬಹುದೆಂದು ಹೊಳೆಯಲೇ ಇಲ್ಲ.

"ನೋಡಿದ್ಯಾ? ಬ್ಯಾಂಕ್ ಆಫೀಸರ್ ಹೆಂಡ್ತಿಗೂ ಕೊನೆಗೆ ನಮ್ಮ ವೇಸ್ಟೇ ಬೇಕಾಯ್ತು" ಎಂದು ಹಿಗ್ಗಿದ.

ಕೊಂಡೇ ಒಯ್ಯೋಣವೆಂದು ಓಲ್ಡ್ ಟೌನಿನ ಅಂಗಡಿಗಳಲ್ಲಿ ಹುಡುಕಿದರೆ ವೇಸ್ಟ್ ಎಂದು ಸಿಕ್ಕಿದ್ದು ಬಣ್ಣಬಣ್ಣದ ಬನಿಯನ್ ಚೂರು. ಅಂಥದ್ದನ್ನು ಒಯ್ದು ದಾಕ್ಷಾಯಣಿಯ ಬಾಯಿಗೆ ಬೀಳುವುದೇ? ಒಂಬತ್ತು ವರ್ಷದ ಮಗಳು ಸಂಘಮಿತ್ರಾ ಬೇರೆ, "ಎಲ್ರೂ ತರ್ತಾರಂತೆ. ನಾನು ಬರಿಗೈಲಿ ಹೋಗಲ್ಲ" ಎಂದು ಹಟ ಹಿಡಿದು ಕೂತಳು.

ಶನಿವಾರ ಶಿಫ್ಟು ಮುಗಿದ ಮೇಲೆ ಹಾಲೇಶ ಹಾಲಿನಂಥ ಬಿಳಿ ವೇಸ್ಟನ್ನು ಒಂದು ಹಿಡಿ ತೆಗೆದು, ತೊಳೆದ ಟಿಫನ್ ಬಾಕ್ಸಿನಲ್ಲಿ ಒತ್ತಿ ಮುಚ್ಚಳ ಹಾಕಿದ. ಗೇಟಿನಲ್ಲಿ ಗಾರ್ಡು ಏಕಾಂತಪ್ಪನ ಚೀಲವನ್ನು ತಲೆಕೆಳಗು ಮಾಡಿ ನೋಡಿದ. ಹಾಲೇಶ ಬಂದಾಗ ಮಾತ್ರ, "ನಿಮ್ದೇನ್ ನೋಡೋದು, ಹೋಗಿ ಹಾಲೇಶಣ್ಣ" ಎಂದು ಕೈಬೀಸಿದ. ಕೆನ್ನೆಗೆ ಬಾರಿಸಿದ್ದರೂ ಹಾಲೇಶನಿಗೆ ಅಷ್ಟು ಉರಿಯುತ್ತಿರಲಿಲ್ಲ. ತಾನು ಏಕಾಂತಪ್ಪನ ಪೈಕಿಯಲ್ಲ, ಇದು ಮಗುವಿಗಾಗಿ ಎಂದು ಮನೆ ತಲುಪುವವರೆಗೂ ತನಗೆ ತಾನೇ ಹೇಳಿಕೊಂಡ. ಡಬ್ಬಿ ತೆರೆದ ಮಗಳು ಕಣ್ಣರಳಿಸಿ, "ಗೇಟಲ್ಲಿ ಹಿಡೀಲಿಲ್ವಾ ಅಪ್ಪಾ?" ಎಂದಳು. ಅವಳು ಅಷ್ಟು ಮೆಚ್ಚುಗೆಯಿಂದ ಅವನನ್ನು ಯಾವತ್ತೂ ನೋಡಿರಲಿಲ್ಲ. ನಾಚಿಕೆಗೇಡಿನ ಮಾತೆಂದರೆ, ಅದು ಅವನಿಗೆ ಹಿತವಾಯಿತು.

ಭಾನುವಾರ ಮಳೆಯಲ್ಲಿ ನೆನೆದು, ಬಸ್ಸು ಹಿಡಿದು ಅಪ್ಪ ಮಗಳಿಬ್ಬರೂ ವಿದ್ಯಾನಗರ ತಲುಪಿದರು. ವರಾಂಡದಲ್ಲಿ ಐದಾರು ಮಕ್ಕಳು, ನಡುವೆ ಇಸ್ತ್ರಿ ಸೀರೆಯ ದಾಕ್ಷಾಯಣಿ. ಅಲ್ಲಿನ ವೈಭವ ನೋಡಿ ಹಾಲೇಶನಿಗೆ ನಗು ತಡೆಯುವುದೇ ಕಷ್ಟವಾಯಿತು. ಐಸ್‌ಕ್ರೀಮ್ ಕಡ್ಡಿಗಳು ಅಂಗಡಿಯಿಂದ ಕಟ್ಟುಕಟ್ಟಾಗಿ ಬಂದಿದ್ದವು. ಅವು ಐಸ್‌ಕ್ರೀಮಿನ ಮುಖವನ್ನೇ ಕಂಡಿರಲಿಲ್ಲ. ಖಾಲಿ ಬೆಂಕಿಪೊಟ್ಟಣ ಬೇಕೆಂದು ಹೊಸ ಪೊಟ್ಟಣದ ಕಡ್ಡಿಗಳನ್ನೆಲ್ಲ ಸ್ಟೀಲ್ ಬಟ್ಟಲಿಗೆ ಸುರಿದಿದ್ದರು. ಅಲ್ಲಿದ್ದ ನಿಜವಾದ ಕಸವೆಂದರೆ ಹಳೆಯ ಪೇಪರು, ಅದನ್ನು ನೆಲ ಗಲೀಜಾಗದಿರಲೆಂದು ಹಾಸಿದ್ದರು. ಇಷ್ಟೆಲ್ಲ ಸಂಭ್ರಮ ಒಂದು ಪೆನ್ ಸ್ಟ್ಯಾಂಡಿಗೆ!

ಸಂಘಮಿತ್ರಾ ನಡುವೆ ಹೋಗಿ ಕೂತು ಡಬ್ಬಿಯ ಮುಚ್ಚಳ ತೆಗೆದಳು.

"ಏನೇ ಇದು?" ಎಂದಳು ದಾಕ್ಷಾಯಣಿ.

"ವೇಸ್ಟ್, ದೊಡ್ಡಮ್ಮ."

"ಅಯ್ಯೋ ಮಾರಾಯ್ತಿ! ವೇಸ್ಟ್ ಅಂದ್ರೆ ಮನೇಲಿ ಬಿಸಾಕೋದು ಕಣೇ. ತೆಂಗಿನ ಚಿಪ್ಪು, ಹಳೇ ಕ್ಯಾಲೆಂಡರು, ಪೇಸ್ಟ್ ಡಬ್ಬಿ..."

ಮಕ್ಕಳು ಹೋ ಎಂದು ನಕ್ಕವು. ಹಾಲೇಶನ ಹಿತ್ತಿಲಲ್ಲಿ ತೆಂಗಿನ ಚಿಪ್ಪಿನ ರಾಶಿಯೇ ಇತ್ತು. ಕೇಳಿದ್ದು ಕಸ, ಅವನು ಕದ್ದದ್ದು ಹೊಸ ಮಾಲು.

ದಾಕ್ಷಾಯಣಿ ಉಂಡೆಯನ್ನು ಎತ್ತಿ ನೋಡಿದಳು. "ಎಷ್ಟು ಬೆಳ್ಳಗಿದೆ! ಎಲ್ಲಿ ಕೊಂಡ್ಕೊಂಡ್ರಿ ಹಾಲೇಶ್?"

ಓಲ್ಡ್ ಟೌನಿನಲ್ಲಿ ಎನ್ನಲು ಅವನು ಬಾಯಿ ತೆರೆದ. ಅಷ್ಟರಲ್ಲಿ, ನಗೆಯ ಅವಮಾನಕ್ಕೆ ಮುಖ ಕೆಂಪಾಗಿದ್ದ ಸಂಘಮಿತ್ರಾ ಎದ್ದು ನಿಂತಳು.

"ಕೊಂಡಿದ್ದಲ್ಲ! ನಮ್ಮಪ್ಪ ಫ್ಯಾಕ್ಟರಿಯಿಂದ ಕದ್ದು ತಂದಿದ್ದು, ನನಗೋಸ್ಕರ. ಟಿಫನ್ ಬಾಕ್ಸಲ್ಲಿ. ಗೇಟಲ್ಲಿ ಯಾರಿಗೂ ಗೊತ್ತೇ ಆಗ್ಲಿಲ್ಲ!"

ನಗು ನಿಂತಿತು. ಮಕ್ಕಳೆಲ್ಲ ಹಾಲೇಶನನ್ನು ಗೌರವದಿಂದ ನೋಡತೊಡಗಿದವು. ದಾಕ್ಷಾಯಣಿ ಹಂಗಿಸಿದ್ದರೆ ಅವನಲ್ಲಿ ಉತ್ತರಗಳಿದ್ದವು. ಹಂಗಿಸುವವರನ್ನು ಎದುರಿಸಿಯೇ ಅವನಿಗೆ ಅಭ್ಯಾಸ. ಅವಳು ಹಂಗಿಸಲಿಲ್ಲ.

"ಅದಕ್ಯಾಕೆ ಮುಖ ಸಣ್ಣ ಮಾಡ್ಕೋತೀರಿ? ಫ್ಯಾಕ್ಟರಿಯವ್ರು ಅಂದ್ಮೇಲೆ ಅಷ್ಟೋ ಇಷ್ಟೋ ತಂದೇ ತರ್ತಾರೆ. ನಮಗೇನು ಗೊತ್ತಿಲ್ವಾ?" ಎಂದಳು ಸಮಾಧಾನದ ದನಿಯಲ್ಲಿ.

ಇಷ್ಟು ವರ್ಷವೂ ಅವಳು ಹಾಗೆಯೇ ತಿಳಿದುಕೊಂಡಿದ್ದಳು, ತಿಳಿದೂ ಅವನಿಗೆ ಊಟ ಬಡಿಸಿದ್ದಳು. ಒಂದು ನಟ್ಟು ಕೂಡ ತಂದಿಲ್ಲ ಎಂಬ ಮಾತು ಹಾಲೇಶನ ನಾಲಿಗೆಯ ತುದಿಗೆ ಬಂದು ಅಲ್ಲೇ ಸತ್ತಿತು. ಇನ್ನು ಅದನ್ನು ಯಾರ ಮುಂದೆಯೂ ಆಡುವಂತಿರಲಿಲ್ಲ.

"ಮುಂದಿನ ವಾರ ಒಂಚೂರು ತಾಮ್ರದ ತಂತಿ ಸಿಕ್ಕಿದ್ರೆ ನೋಡಿ" ಎಂದಳು ದಾಕ್ಷಾಯಣಿ. "ಮಕ್ಕಳಿಗೆ ಮರ ಮಾಡೋದು ಹೇಳ್ಕೊಡ್ತೀನಿ."

ಸಂಘಮಿತ್ರಾ ಅಪ್ಪನ ಪಕ್ಕಕ್ಕೆ ಬಂದು ಅವನ ಕೈ ಹಿಡಿದುಕೊಂಡಳು.

"ತರ್ತಾರೆ ದೊಡ್ಡಮ್ಮ" ಎಂದಳು. "ನಮ್ಮಪ್ಪ ಏನ್ ಬೇಕಾದ್ರೂ ತರ್ತಾರೆ."