ಹುಸ್ಸಾಳ ಗುಡಾರದ ಪಕ್ಕ

ಬುಸ್ಸ್ ಅಂತ ಗಾಳಿ ಬಿಟ್ಟ ಸದ್ದು, ನಿಂತಿತು, ಮತ್ತೆ ಬುಸ್ಸ್ — ಅಂಗಳದಲ್ಲಿ ಮಿಶಾಲ್ ಸ್ಟೆಪ್ನಿ ಟೈರಿನ ಜೊತೆ ಆಡುತ್ತಿದ್ದಾನೆ, ಇಪ್ಪತ್ನಾಲ್ಕು ತುಂಬಿದರೂ ಈ ಮಗನಿಗೆ ಗಾಳಿ ತುಂಬುವ ಯಂತ್ರವೊಂದು ಕೈಗೆ ಸಿಕ್ಕರೆ ಊಟ ಬೇಡ, ನಿದ್ದೆ ಬೇಡ, ಆಡಲಿ, ಇವತ್ತು ಯಾರು ಏನು ಮಾಡಿದರೂ ತರ್ಫಾಳಿಗೆ ಸಿಟ್ಟು ಬರುವುದಿಲ್ಲ, ಬಾಣಲೆಯಲ್ಲಿ ಕಾಫಿಬೀಜ ಹೊಂಬಣ್ಣಕ್ಕೆ ತಿರುಗುತ್ತಿದೆ, ಇನ್ನೊಂದು ಚೂರು, ಬೇಡ, ಸಾಕು, ಕಪ್ಪಾದರೆ ಅಕ್ಕ ಹುಸ್ಸಾ ಮುಖ ಸಿಂಡರಿಸುತ್ತಾಳೆ — ನೋಡು, ಬಾಯಿ ಹೇಳದ ಹೆಸರನ್ನು ಕೈ ಹೇಳಿಬಿಟ್ಟಿತು, ಯಾರೂ ಕೇಳಿಸಿಕೊಳ್ಳಲಿಲ್ಲ ತಾನೇ, ಅಡುಗೆಮನೆಯಲ್ಲಿ ಯಾರೂ ಇಲ್ಲ, ಏಲಕ್ಕಿ ಎಲ್ಲಿ, ಇಲ್ಲಿದೆ. ಇವತ್ತು ಮಂಗಳವಾರ, ಗುರುವಾರ ಮರಳುಗಾಡಿನ ಕಾರು ಪಂದ್ಯ ಶುರು, ನಾಳೆ ಇಳಿಹೊತ್ತಿನ ಅಸರ್ ನಮಾಜು ಮುಗಿದದ್ದೇ ಹೊರಡಬೇಕು, ಎರಡು ಗಾಡಿ, ಒಂದು ಗುಡಾರ, ನಾಲ್ಕು ಜಮಖಾನ, ಘದಾ ಸೌದೆ ಎರಡು ಹೊರೆ, ಖರ್ಜೂರ, ತುಪ್ಪ, ಕುರಿಮಾಂಸ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ, ಕ್ಲೇಜಾ ಬಿಸ್ಕತ್ತು ಎರಡು ಡಬ್ಬ, ಎರಡು ಯಾಕಮ್ಮ, ನಾವು ಇರೋದೇ ನಾಲ್ಕು ಜನ, ಅಂತ ಬೆಳಿಗ್ಗೆ ಲಮಿಯಾ ಕೇಳಿದಳು, ಹದಿನೇಳು ವರ್ಷದ ಹುಡುಗಿಯ ಕಣ್ಣಿಗೆ ಬೇಡದ್ದೇ ಮೊದಲು ಬೀಳುತ್ತದೆ, ಪಟ್ಟಿ ಓದಿದವಳೇ ಯುಮ್ಮಾ, ಉಪ್ಪು ಬರೆದೇ ಇಲ್ಲವಲ್ಲ ಅಂದಳು, ಬರೀತೀನಿ ಬಿಡು ಅಂದದ್ದಾಯಿತು, ಬರೆಯಲಿಲ್ಲ, ಬರೆಯುವುದೂ ಇಲ್ಲ, ಉಪ್ಪೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೋಗುತ್ತದೆ, ಉಪ್ಪು ಮರೆತು ಹೋಗಬೇಕು, ಮರೆಯುವುದಕ್ಕೂ ಇಷ್ಟು ಕಷ್ಟಪಡಬೇಕಾಗುತ್ತದೆ ಅಂತ ಗೊತ್ತಿರಲಿಲ್ಲ.

ಅವಳಿಗೆ ನಗು ತಡೆಯಲಾಗುತ್ತಿಲ್ಲ. ಹದಿನೈದು ದಿನದಿಂದ ಈ ಮನೆಯಲ್ಲಿ ಸುಳ್ಳು ಹೇಳಿಕೊಂಡು ಓಡಾಡುತ್ತಿದ್ದಾಳೆ, ನನಗೂ ಒಂದು ಸಲ ಪಂದ್ಯ ನೋಡಬೇಕು ಅಂತ, ಎಂಜಿನ್ ಗುರುಗುಟ್ಟಿದರೆ ಕಿವಿ ಮುಚ್ಚಿಕೊಳ್ಳುವ ಹೆಂಗಸು, ಮಿಶಾಲ್ ಖುಷಿಗೆ ಅವಳ ಹಣೆಗೆ ಮುತ್ತು ಕೊಟ್ಟ, ದಹಾಮ್ ಮಾತ್ರ ಕಾಫಿ ಬಟ್ಟಲು ಕೈಯಲ್ಲಿ ಹಿಡಿದು ಹೆಂಡತಿಯನ್ನೇ ಒಂದು ಗಳಿಗೆ ನೋಡಿದ್ದ, ಉಮ್ ಮಿಶಾಲ್, ಹುಷಾರಾಗಿದ್ದೀಯ ತಾನೇ? ಅಂದಿದ್ದ, ಯಾವತ್ತಿನಂತೆ ಮಿಶಾಲನ ತಾಯಿ ಅಂತಲೇ ಕರೆದು. ಪಂದ್ಯದ ವಾರ ಈ ಹಾಯಿಲ್ ಊರಿನಲ್ಲಿ ಉಸಿರಾಡಲು ಜಾಗ ಇರುವುದಿಲ್ಲ, ರಿಯಾದಿನವರು, ಕಸೀಮಿನವರು, ಗಡಿ ದಾಟಿ ಕುವೈತಿನವರು, ಪೆಟ್ರೋಲ್ ಬಂಕಿನಲ್ಲಿ ಸಾಲು, ರೊಟ್ಟಿ ಅಂಗಡಿಯಲ್ಲಿ ಸಾಲು, ಪಂದ್ಯ ಕಾಣುವ ದಿಬ್ಬದ ಮೇಲೆ ಗುಡಾರಕ್ಕೆ ಗುಡಾರ ತಾಗಿಕೊಂಡು, ಪಂದ್ಯ ಶುರುವಾದ ವರ್ಷದಿಂದಲೂ ಆ ವಾರ ದಹಾಮ್ ಸಂಸಾರ ಕಟ್ಟಿಕೊಂಡು ದಿಕ್ಕು ತಪ್ಪಿದ ಒಂಟೆಯೂ ಬಾರದ ಮೂಲೆಗೆ ಹೋಗುತ್ತಾನೆ. ಆದರೆ ಅವಳಿಗೆ ಬೇಕಾದದ್ದು ಆ ಜನಜಂಗುಳಿಯೇ, ಜನ ತುಂಬಿದಾಗಲೇ ಅಲ್ಲವೇ ಬೇರೆಲ್ಲೂ ಜಾಗ ಸಿಗಲಿಲ್ಲ, ಏನು ಮಾಡೋದು, ನಿನ್ನ ಪಕ್ಕದಲ್ಲೇ ಇಳಿದೆವು ಅನ್ನಬಹುದು, ಖಾಲಿ ಮರುಭೂಮಿಯಲ್ಲಿ ಹಾಗಂದರೆ ಒಂಟೆಯೂ ನಕ್ಕೀತು. ಹೋದ ವರ್ಷ ಲಮಿಯಾಳ ಫೋನಿನಲ್ಲಿ ನೋಡಿದ್ದು, ಹುಸ್ಸಾಳ ಸೊಸೆ ಅಬೀರ್ ಹಾಕಿದ ಮಬ್ಬುಗತ್ತಲ ಚಿತ್ರ, ಬೆಂಕಿ, ಕೆಟಲು, ಹಿಂದೆ ಹುಸ್ಸಾಳ ಪಟ್ಟೆಪಟ್ಟೆ ಗುಡಾರ, ಅದರ ಎಡಕ್ಕೆ ಖಾಲಿ ಮರಳು, ಒಂದು ಗುಡಾರ ಎರಡು ಗಾಡಿ ಹಿಡಿಸುವಷ್ಟು, ಅಷ್ಟು ಜನರ ನಡುವೆ ಯಾರೂ ಇಳಿಯದ ಒಂದು ತುಂಡು ಮರಳು. ಅದನ್ನು ನೋಡಿದ ದಿನದಿಂದ ಅದು ಕಣ್ಣಿನಿಂದ ಹೋಗಿಲ್ಲ, ರಂಜಾನ್ ಬಂದು ಹೋಯಿತು, ಬೇಸಿಗೆ ಹೋಯಿತು, ಪಾತ್ರೆ ತೊಳೆಯುವಾಗ, ತಲೆ ಬಾಚುವಾಗ, ಪಟ್ಟೆ ಗುಡಾರ, ಎಡಕ್ಕೆ ಖಾಲಿ ಮರಳು. ಈ ವರ್ಷವೂ ಉಳಿದಿರಲಿ ದೇವರೇ, ಯಾವ ಕುವೈತಿನವನೂ ಮೊದಲೇ ಬಂದು ಕೂರದಿರಲಿ.

ಅಕ್ಕನ ಮನೆ ಇಪ್ಪತ್ತು ನಿಮಿಷದ ದಾರಿ, ಹೋಗಬಾರದೆಂದೇನಿಲ್ಲ, ಹೋಗಿದ್ದಳು ಕೂಡ, ಹುಸ್ಸಾಳ ಗಂಡ ತೀರಿಕೊಂಡಾಗ, ಬಾಗಿಲಲ್ಲಿ ಹುಸ್ಸಾ ಕೆನ್ನೆ ಮುಂದೆ ಮಾಡಿದಳು, ಎಲ್ಲರಿಗೂ ಮಾಡಿದ ಹಾಗೆ, ಖರ್ಜೂರ ಬಂತು, ಕಾಫಿ ಬಂತು, ದೇವರು ನಿನಗೆ ಒಳ್ಳೆಯದು ಮಾಡಲಿ ಅಂದಳು, ಎಲ್ಲರಿಗೂ ಅಂದ ಹಾಗೆ, ಮೂರು ಬಟ್ಟಲು ಕುಡಿದು ಎದ್ದು ಬಂದಳು. ಮನೆಗೆ ಹೋದರೆ ಅತಿಥಿ. ಅತಿಥಿಗೆ ಕಾಫಿ ಕೊಡುತ್ತಾರೆ, ಸಿಟ್ಟು ಕೊಡುವುದಿಲ್ಲ, ಸಿಟ್ಟು ಕೊಡದವಳ ಹತ್ತಿರ ಕ್ಷಮೆ ಕೇಳುವುದು ಹೇಗೆ. ಗುಡಾರದ ಪಕ್ಕ ಗುಡಾರ ಹಾಕಿದರೆ ಅವಳು ನೆರೆಯವಳು, ನೆರೆಯವಳು ಬೆಳಿಗ್ಗೆ ಕೂದಲು ಕೆದರಿಕೊಂಡೇ ಹೋಗಿ ಒಂದು ಹಿಡಿ ಉಪ್ಪು ಕೇಳಬಹುದು, ಹೋದವಳು ಒಲೆಯ ಹತ್ತಿರ ಕುಕ್ಕರುಗಾಲಲ್ಲಿ ಕೂರಬಹುದು, ಕೂತವಳು ಹೇಳಬಹುದು — ಏನಂತ ಹೇಳುವುದು, ಅದೊಂದೇ ಇನ್ನೂ ಪಟ್ಟಿಯಲ್ಲಿಲ್ಲ. ಹನ್ನೊಂದು ವರ್ಷ. ಅಮ್ಮ ಸತ್ತ ಮೂರನೆಯ ದಿನ, ಹಜಾರದ ತುಂಬ ಹೆಂಗಸರು, ಆಗಿನ್ನೂ ಗಂಡನ ಜೊತೆ ದೂರದ ದಮ್ಮಾಮಿನಲ್ಲಿದ್ದ ಹುಸ್ಸಾ ಬಂದು ಗೋಡೆಗೊರಗಿ ಅಳುತ್ತಿದ್ದಾಳೆ, ಎಂಟು ತಿಂಗಳು ಅಮ್ಮನ ಮೈ ಒರೆಸಿದ ತರ್ಫಾ ಅಲ್ಲೇ, ಅಷ್ಟೂ ಜನರ ಮುಂದೆ, ಬದುಕಿದ್ದಾಗ ದಾರಿ ಗೊತ್ತಿರಲಿಲ್ಲ, ಸತ್ತ ಮೇಲೆ ದಾರಿ ಸಿಕ್ತಾ ನಿನಗೆ — ಅಂದುಬಿಟ್ಟಳು. ಹುಸ್ಸಾ ಅಬಾಯ ಎಳೆದುಕೊಂಡು ಎದ್ದು ಹೋದಳು. ಆ ಎಂಟು ತಿಂಗಳೂ ಅವಳ ಗಂಡನಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್ ಅಂತ ತಿಳಿದದ್ದು ಎರಡು ವರ್ಷದ ಮೇಲೆ, ಅಮ್ಮನಿಗೆ ಗೊತ್ತಾದರೆ ಎದೆ ಒಡೆದುಕೊಳ್ಳುತ್ತಾಳೆ ಅಂತ ಯಾರಿಗೂ ಹೇಳಿರಲಿಲ್ಲವಂತೆ, ತಂಗಿಗೂ. ತಿಳಿದ ದಿನ ತರ್ಫಾಳಿಗೆ ತನ್ನ ನಾಲಿಗೆಯನ್ನು ತಾನೇ ಕಿತ್ತುಕೊಳ್ಳಬೇಕೆನಿಸಿತ್ತು. ಬೇಡ, ಇವತ್ತು ಅದು ಬೇಡ, ಇವತ್ತು ಖುಷಿಯ ದಿನ, ಏಲಕ್ಕಿ ಕುಟ್ಟು, ಕುಟ್ಟು, ಎಷ್ಟು ಚೆನ್ನಾಗಿದೆ ವಾಸನೆ, ನಾಳೆ ಇಷ್ಟು ಹೊತ್ತಿಗೆ ಮೂಟೆ ಕಟ್ಟಿ ಆಗಿರುತ್ತದೆ, ನಾಡಿದ್ದು ಬೆಳಿಗ್ಗೆ ಉಪ್ಪು.

ದಹಾಮ್ ಒಳಗೆ ಬಂದ, ಕೈಗೆಲ್ಲ ಗ್ರೀಸು, ತಣ್ಣಗೆ ಬಾಗಿಲಿಗೊರಗಿ ನಿಂತು ಹೇಳುತ್ತಿದ್ದಾನೆ, ಏನು ಹೇಳುತ್ತಿದ್ದಾನೆ ಇವನು, ಅವನ ತಮ್ಮ ಫೋನ್ ಮಾಡಿದ್ದನಂತೆ, ದಿಬ್ಬದ ಹತ್ತಿರ ನಿನ್ನೆಯಿಂದಲೇ ಕಾಲಿಡೋಕೆ ಜಾಗ ಇಲ್ಲವಂತೆ, ಅವನು ಜುಬ್ಬಾ ಊರಿನ ದಾರಿಯಲ್ಲಿ ಒಳ್ಳೆಯ ತಗ್ಗು ನೋಡಿದ್ದಾನಂತೆ, ಗಾಳಿಯಿಲ್ಲ, ಗಲಾಟೆಯಿಲ್ಲ, ನಾವೂ ಅಲ್ಲಿಗೇ ಹೋಗೋಣ, ಪಂದ್ಯ ಬೇಕಾದರೆ ಹುಡುಗರು ಒಂದು ದಿನ ಹೋಗಿ ನೋಡಿಬರಲಿ, ಬರ್ತೀವಿ ಅಂದುಬಿಟ್ಟೆ. ಅಂದುಬಿಟ್ಟನಂತೆ. ಕುಟ್ಟಾಣಿ ಅವಳ ಕೈಯಲ್ಲೇ ನಿಂತಿತು. ಇಲ್ಲ, ಅಂದಳು. ಯಾಕೆ ಇಲ್ಲ. ಪಂದ್ಯ ನೋಡಬೇಕು. ಏನೇ ಇದು, ಪಂದ್ಯದಲ್ಲಿ ಯಾರು ಓಡಿಸ್ತಾರೆ ಅಂತಾದರೂ ಗೊತ್ತಾ ನಿನಗೆ, ಒಬ್ಬನ ಹೆಸರು ಹೇಳು ನೋಡೋಣ. ಅವಳು ಒಂದು ಹೆಸರಿಗಾಗಿ ತಡಕಾಡಿದಳು, ಮಿಶಾಲ್ ದಿನಾ ಬಡಬಡಿಸುವ ಹತ್ತು ಹೆಸರುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ, ಬಂದದ್ದು ಪಟ್ಟೆ ಗುಡಾರ, ಎಡಕ್ಕೆ ಖಾಲಿ ಮರಳು, ಕಣ್ಣಲ್ಲಿ ನೀರು, ಏಲಕ್ಕಿ ಪುಡಿ ಹಾರಿರಬೇಕು, ಅಲ್ಲ, ಏಲಕ್ಕಿಯಲ್ಲ.

ಹುಸ್ಸಾಳ ಪಕ್ಕ ಇಳೀಬೇಕು ನನಗೆ, ಅಂದಳು.

ಹನ್ನೊಂದು ವರ್ಷದಲ್ಲಿ ಈ ಮನೆಯೊಳಗೆ ಅವಳ ಬಾಯಿಂದ ಆ ಹೆಸರು ಬಿದ್ದದ್ದು ಇದೇ ಮೊದಲು. ದಹಾಮ್ ಗ್ರೀಸಿನ ಕೈಯನ್ನು ತನ್ನ ತೋಬಿಗೇ ಒರೆಸಿಕೊಂಡ, ಬಿಳಿ ನಿಲುವಂಗಿ, ಬೇರೆ ದಿನವಾಗಿದ್ದರೆ ಬೈಸಿಕೊಳ್ಳುತ್ತಿದ್ದ, ಹದಿನೈದು ದಿನ ಇದಕ್ಕಾ ಒದ್ದಾಡಿದ್ದು, ಮೊದಲೇ ಹೇಳೋಕೇನಾಗಿತ್ತು ತರ್ಫಾ, ಅಂದ, ಉಮ್ ಮಿಶಾಲ್ ಅನ್ನದೆ ತರ್ಫಾ ಅಂದ, ತಮ್ಮನಿಗೆ ನಾನು ಹೇಳ್ಕೋತೀನಿ, ಆದರೆ ಜಾಗ ಉಳಿದಿರಬೇಕಲ್ಲ, ಮಂಗಳವಾರ ಇವತ್ತು, ಲಮಿಯಾ, ಲಮಿಯಾ, ಬಾ ಇಲ್ಲಿ, ನಿನ್ನ ದೊಡ್ಡಮ್ಮನ ಸೊಸೆ ಇವತ್ತೇನಾದರೂ ಹಾಕಿದ್ದಾಳಾ ನೋಡು. ಲಮಿಯಾ ಓಡಿಬಂದಳು, ದೊಡ್ಡಮ್ಮ ಅನ್ನುವ ಶಬ್ದಕ್ಕೇ ಹುಬ್ಬು ಹಾರಿದೆ, ಬೆರಳು ಫೋನಿನ ಮೇಲೆ ಸರಸರ, ಬೇಗ ಹುಡುಗಿ, ಬೇಗ. ಹಾಕಿದ್ದಾಳೆ ಯುಮ್ಮಾ, ಅರ್ಧ ಗಂಟೆ ಆಯ್ತು ಅಷ್ಟೇ, ವಿಡಿಯೊ. ಗಾಡಿಗಳು, ಧೂಳು, ಗುಡಾರದ ಮೇಲೆ ಗುಡಾರ, ಕುರಿ ಕಟ್ಟಲೂ ಜಾಗವಿಲ್ಲ, ಆಮೇಲೆ ಪಟ್ಟೆ ಗುಡಾರ, ಎಡಕ್ಕೆ — ಎಡಕ್ಕೆ ನಾಲ್ಕು ಗೂಟ, ಸುತ್ತ ಹಳದಿ ಹಗ್ಗ. ಮುಗಿಯಿತು. ಯಾರೋ ಹಿಡಿದುಬಿಟ್ಟಿದ್ದಾರೆ. ಮುಖ ತಿರುಗಿಸುವಷ್ಟರಲ್ಲಿ ವಿಡಿಯೊದೊಳಗೆ ಒಂದು ದೊಡ್ಡ ಗಾಡಿ ನಿಧಾನವಾಗಿ ಬಂದು ಹಗ್ಗದ ಹತ್ತಿರ ನಿಂತಿತು, ಯಾರೋ ಗಂಡಸು ಏನೋ ಕೇಳಿದ, ಆಗ ಆ ದನಿ, ಗಂಟಲು ಸ್ವಲ್ಪ ಒಡೆದಿದೆ, ಆದರೆ ಅದೇ ದನಿ, ಚಿಕ್ಕವಳಿದ್ದಾಗ ಇವಳನ್ನು ಬಾವಿಯ ಹತ್ತಿರ ಹೋಗಬೇಡ ಅಂತ ಗದರಿಸುತ್ತಿದ್ದ ದನಿ, ಜಾಗ ಖಾಲಿ ಇಲ್ಲಪ್ಪ, ಜನ ಬರೋರಿದ್ದಾರೆ, ಮುಂದೆ ಹೋಗು. ಗಾಡಿ ಹೋಯಿತು. ಅಬೀರ್ ನಗುತ್ತಾಳೆ, ಚಿತ್ರ ಅಲ್ಲಾಡುತ್ತದೆ, ಯಾರು ಬರ್ತಾರೆ ಅತ್ತೆ, ನಾನು ಈ ಮನೆಗೆ ಬಂದಾಗಿನಿಂದ ನೋಡ್ತಾ ಇದ್ದೀನಿ, ಪ್ರತಿ ವರ್ಷ ಹಗ್ಗ ಕಟ್ತೀರಿ, ಒಬ್ಬರೂ ಬಂದಿಲ್ಲ. ಹುಸ್ಸಾಳ ಮುಖ ಕಾಣುವುದಿಲ್ಲ, ಕಪ್ಪು ಅಬಾಯದ ತೋಳು, ಒಂದು ಕೈ, ಎಷ್ಟು ಸೊರಗಿದೆ ಆ ಕೈ, ಗೂಟದ ಹತ್ತಿರ ಬಗ್ಗಿ ಸಡಿಲಾದ ಗಂಟನ್ನು ಎಳೆದು ಬಿಗಿ ಮಾಡುತ್ತದೆ. ಮುಗಿಯಿತು ಯುಮ್ಮಾ, ಅಷ್ಟೇ ಇರೋದು. ಇನ್ನೊಂದು ಸಲ ಹಾಕು. ಗಾಡಿ ಬರುತ್ತದೆ, ಹೋಗುತ್ತದೆ, ಹಳದಿ ಹಗ್ಗ, ಒಳಗೆ ಮರಳು, ಹೆಜ್ಜೆ ಬೀಳದ ಮರಳು, ಕೈ, ಗಂಟು. ಇನ್ನೊಂದು ಸಲ. ದಹಾಮ್ ಏನೋ ಹೇಳುತ್ತಿದ್ದಾನೆ, ಇವತ್ತೇ ಹೊರಡೋಣ ಅನ್ನುತ್ತಿರಬೇಕು, ಇರಲಿ, ಸ್ವಲ್ಪ ಇರಲಿ, ಇನ್ನೊಂದು ಸಲ, ಆ ಕೈ, ಗಂಟನ್ನು ಬಿಗಿ ಮಾಡುತ್ತಿರುವ ಆ ಕೈ, ಆ ಕೈ